ಸಾಲದ ಆಟಗಾರನಿಗೆ ಬಡ್ಡಿ ಎಷ್ಟು?

ಕಾಸರಗೋಡು ಜಿಲ್ಲೆಯ ಉಪ್ಪಳದ ಹತ್ತಿರ ಒಂದು ಸೆವೆನ್ಸ್ ಪಂದ್ಯ, ಅಂದರೆ ತಂಡಕ್ಕೆ ಏಳೇ ಜನರ ಫುಟ್‌ಬಾಲ್. ಕೊಯ್ಲು ಮುಗಿದ ಗದ್ದೆ, ಮೂಲೆಮೂಲೆಗೆ ಫ್ಲಡ್‌ಲೈಟು, ಬದಿಯಲ್ಲಿ ಆಮ್ಲೆಟ್ ಗಾಡಿ. ಮೈಕಿನವನು ಮಲಯಾಳ, ತುಳು, ಕನ್ನಡ ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದ. ತಂಡದ ಪರಿಚಯ ಮಾಡುವಾಗ, "ಇವರಿಗೆ ಇವತ್ತು ಇಬ್ಬರು ಸಾಲದ ಆಟಗಾರರು" ಎಂದ. ನನ್ನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ ಹಿರಿಯರು ಬಾಯಲ್ಲಿದ್ದ ಎಲೆಅಡಿಕೆಯನ್ನು ದವಡೆಗೆ ಸರಿಸಿ ಕೇಳಿದರು: "ಬಡ್ಡಿ ಎಷ್ಟಂತೆ ಮಾರಾಯ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ, ಯಾಕೆಂದರೆ ಆ ವಾರದಲ್ಲಿ ಈ 'ಸಾಲದ ಆಟಗಾರ' ನನ್ನ ಕಿವಿಗೆ ಬಿದ್ದದ್ದು ನಾಲ್ಕನೇ ಸಲ. ಅಷ್ಟಕ್ಕೂ ಸೆವೆನ್ಸ್‌ನಲ್ಲಿ ಬರುವವರು ಸಾಲವೂ ಅಲ್ಲ, ಎರವಲೂ ಅಲ್ಲ. ಪಂದ್ಯಕ್ಕೆ ಇಷ್ಟು ಅಂತ ತೆಗೆದುಕೊಂಡು ಆಡಿ ಹೋಗುವ ಗೆಸ್ಟ್‌ಗಳು. ಯಕ್ಷಗಾನದಲ್ಲಿ ಹೊರಗಿನವರನ್ನು ಒಂದು ರಾತ್ರಿಗೆ ಕರೆಸಿದರೆ ಅತಿಥಿ ಕಲಾವಿದರು ಅನ್ನುತ್ತೇವೆ. 'ಸಾಲದ ಭಾಗವತರು' ಅಂತ ಯಾರಾದರೂ ಅಂದದ್ದು ಕೇಳಿದ್ದೀರಾ?

ಒಂದು ಕ್ಲಬ್ಬಿನ ಆಟಗಾರ ಒಂದು ಸೀಸನ್ ಮಟ್ಟಿಗೆ ಇನ್ನೊಂದು ಕ್ಲಬ್ಬಿಗೆ ಹೋದರೆ ಅವನು ಎರವಲು ಆಟಗಾರ. ಕನ್ನಡ ಪತ್ರಿಕೆಗಳ ಕ್ರೀಡಾಪುಟದವರು ಈ ಪದ ಬಳಸುತ್ತಾರೆ, ಚೆನ್ನಾಗಿಯೇ ಇದೆ. ಗಡಿಯ ಈಚೆ ನಮಗೆ ಬಂದ ತೊಂದರೆ ಮಲಯಾಳದ್ದು ಅಂತ ನನ್ನ ಗುಮಾನಿ. ಅಲ್ಲಿ ಬ್ಯಾಂಕಿನ ಸಾಲವೂ 'ವಾಯ್ಪ', ಆಟಗಾರ ಹೋಗುವುದೂ 'ವಾಯ್ಪ'. ಸುದ್ದಿಯನ್ನು ಮಲಯಾಳದಲ್ಲಿ ಓದಿ ಕನ್ನಡದಲ್ಲಿ ಹೇಳುವ ನಾವು ಎರಡಕ್ಕೂ ಸಾಲ ಅಂದುಬಿಡುತ್ತೇವೆ. ಮಲಯಾಳಕ್ಕೆ ಅದು ಸರಿ. ನಮ್ಮಲ್ಲಿ ಬೇರೆ ಬೇರೆ ಪದ ಇರುವಾಗ ಒಂದರಲ್ಲೇ ಎಲ್ಲ ಮುಗಿಸುವುದು ಯಾಕೆ?

ಎರವಲು ಹಳೆಯ ಪದ. 'ಎರೆ' ಅಂದರೆ ಬೇಡು, ಕೇಳು. ದೋಸೆ ಎರೆಯುವ ಎರೆ ಅಲ್ಲ, ಅದು ಬೇರೆ. ಕೇಳಿ ತಂದದ್ದು ಎರವು, ಎರವಲು. ತಮಿಳಿನಲ್ಲಿ 'ಇರ' ಅಂದರೆ ಬೇಡುವುದು, 'ಇರವಲ್' ಅಂದರೆ ಕೇಳಿ ತಂದ ವಸ್ತು. ತೆಲುಗಿನಲ್ಲೂ 'ಎರವು' ಇದೆ. ಪತ್ರಿಕೆಯಲ್ಲಿ "ಅತಿವೇಗ ಜೀವಕ್ಕೆ ಎರವಾಯಿತು" ಅಂತ ಬರುತ್ತದಲ್ಲ, ಅಲ್ಲಿ ಅರ್ಥ ಕಳೆದುಕೊಳ್ಳುವುದು, ದೂರವಾಗುವುದು. ಅದನ್ನು ತಂದು ಇದಕ್ಕೆ ಗಂಟು ಹಾಕಬೇಡಿ.

ಎರವಲಿನ ಗುಟ್ಟು ಏನೆಂದರೆ, ತಂದ ವಸ್ತುವನ್ನೇ ತಿರುಗಿ ಕೊಡಬೇಕು. ಮದುವೆಮನೆಗೆ ತಂದ ಕಂಚಿನ ಉರುಳಿ ಎರವಲು. ಅದನ್ನು ಮಾರಿ ಅಷ್ಟೇ ತೂಕದ ಇನ್ನೊಂದನ್ನು ಕೊಟ್ಟರೆ ಜಗಳ ಗ್ಯಾರಂಟಿ. ಸಾಲದಲ್ಲಿ ಹಾಗಲ್ಲ. ಸೊಸೈಟಿಯಿಂದ ತಂದ ನೋಟನ್ನೇ ಯಾರೂ ವಾಪಸು ಕೇಳುವುದಿಲ್ಲ. ಬೇರೆ ನೋಟು ಕೊಡುತ್ತೀರಿ, ಜೊತೆಗೆ ಬಡ್ಡಿ.

ಇವೆರಡರ ನಡುವೆ ಇನ್ನೊಂದು ಪದ ಉಂಟು, ಕಡ. ತಮಿಳಿನ 'ಕಡನ್', ಮಲಯಾಳದ 'ಕಡಂ' ಇದರ ಬಂಧುಗಳೇ. ನಮ್ಮ ಮನೆಯಲ್ಲಿ ಅಮ್ಮ ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ಕಡ ತರಿಸುತ್ತಿದ್ದರು. ಆ ಸಕ್ಕರೆ ಕಾಫಿಯಲ್ಲಿ ಕರಗಿ ಹೋಗಿರುತ್ತಿತ್ತು. ವಾರ ಬಿಟ್ಟು ಬೇರೆ ಸಕ್ಕರೆ, ಅದೇ ಲೋಟದಲ್ಲಿ, ಬಡ್ಡಿ ಇಲ್ಲದೆ ಹೋಗುತ್ತಿತ್ತು. ಮಲಯಾಳದಲ್ಲಿ 'ಕಡ' ಅಂದರೆ ಅಂಗಡಿ. ಹಾಗಾಗಿ ಕುಂಬಳೆ ಪೇಟೆಯಲ್ಲಿ ಈ ಪದ ಕೇಳಿದರೆ ಹೇಳಿದವರ ಮನೆಮಾತು ಯಾವುದು ಅಂತ ಮೊದಲು ನೋಡಬೇಕು.

ಆಟಗಾರ ಸಕ್ಕರೆಯೂ ಅಲ್ಲ, ನೋಟೂ ಅಲ್ಲ, ಉರುಳಿ. ಕೊಟ್ಟವರಿಗೆ ಅವನೇ ವಾಪಸು ಬೇಕು. ಅವಧಿ, ಸಂಬಳದಲ್ಲಿ ಯಾರ ಪಾಲೆಷ್ಟು ಅನ್ನುವುದನ್ನೆಲ್ಲ ಮೊದಲೇ ಬರೆದುಕೊಳ್ಳುತ್ತಾರೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಎರವಲು ಹೋದವನು ಮೂಲ ಕ್ಲಬ್ಬಿನ ಎದುರು ಆಡುವಂತಿಲ್ಲ. ಯುರೋಪಿನ ದೊಡ್ಡ ಕ್ಲಬ್ಬುಗಳು ಆಡುವ ಚಾಂಪಿಯನ್ಸ್ ಲೀಗ್ ಕೂಟದಲ್ಲಿ ಆ ತಡೆ ಇರಲಿಲ್ಲ. 2020ರ ಆಗಸ್ಟ್ 14ರಂದು ಅಲ್ಲಿ ಸ್ಪೇನಿನ ಬಾರ್ಸಿಲೋನಾ ಜರ್ಮನಿಯ ಬಯೆರ್ನ್ ಕೈಯಲ್ಲಿ 8-2ರಿಂದ ಸೋತಿತು. ಕೊನೆಯ ಎರಡು ಗೋಲು ಹೊಡೆದ ಕುಟೀನ್ಯೊ ಬಾರ್ಸಿಲೋನಾದವನೇ, ಬಯೆರ್ನ್‌ಗೆ ಎರವಲು ಹೋಗಿದ್ದ. ನಾವು ಕೊಟ್ಟ ಕತ್ತಿಯಲ್ಲಿ ನಮ್ಮದೇ ಬಾಳೆಗೊನೆ ಕಡಿದ ಹಾಗೆ.

ಸರಿ, ಸಾಲ ಅನ್ನಬೇಕಾದಲ್ಲಿ ಸಾಲ ಅನ್ನೋಣ. ಅಲ್ಲೂ ಅಡ್ಡಾದಿಡ್ಡಿಯೇ. ನನ್ನ ತಂಗಿಯ ಮಗ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿ, ಪಕ್ಕದ ಮನೆಯ ಹುಡುಗ ಆರ್ಸೆನಲ್‌ನವನು. ಇಂಡಿಯನ್ ಸೂಪರ್ ಲೀಗ್ ಆಡುವ ನಮ್ಮ ಕೇರಳ ಬ್ಲಾಸ್ಟರ್ಸ್ ವಿಷಯದಲ್ಲಿ ಇಬ್ಬರೂ ಒಂದೇ: 2014, 2016, ಆಮೇಲೆ 2021-22, ಮೂರು ಫೈನಲ್ ಸೋತ ಸಂಕಟ. 2016ರಲ್ಲಿ ನಮ್ಮ ಜಿಲ್ಲೆಯ ತೃಕ್ಕರಿಪುರದ ರಫಿ ಹೊಡೆದ ಗೋಲನ್ನು ಈಗಲೂ ತಲೆಯಾಡಿಸಿ ತೋರಿಸುತ್ತಾರೆ. ಇಂಗ್ಲೆಂಡಿನ ಕ್ಲಬ್ಬಿಗೆ ಬಂದರೆ ಯುದ್ಧ. "ನಿಮ್ಮದು ಸಾಲದ ಕ್ಲಬ್" ಅಂತ ಒಬ್ಬ, "ನಿಮ್ಮದೇನು ಕಮ್ಮಿಯಾ" ಅಂತ ಇನ್ನೊಬ್ಬ. ಇಬ್ಬರೂ ಯಾವ ಸಾಲ ಅಂತ ಕೇಳುವುದಿಲ್ಲ. ಬಾವಿ ತೋಡಲು ಮಾಡಿದ ಸಾಲವೂ ಮದುವೆಗೆ ಪಟಾಕಿ ಹೊಡೆಸಲು ಮಾಡಿದ ಸಾಲವೂ ಒಂದೇನಾ?

ಆರ್ಸೆನಲ್ ಸಾಲ ಬಾವಿಯದ್ದು. 2006ರಲ್ಲಿ ತೆರೆದ ಎಮಿರೇಟ್ಸ್ ಸ್ಟೇಡಿಯಂಗೆ ಸುಮಾರು 39 ಕೋಟಿ ಪೌಂಡ್ ಬಿತ್ತು. ನೀರು ಸಿಗುವ ತನಕ ಗಂಟಲು ಒಣಗಿತು ಅನ್ನುವುದು ನಿಜ. 2005ರ ಎಫ್‌ಎ ಕಪ್ ಆದ ಮೇಲೆ 2014ರ ತನಕ ಒಂದು ಟ್ರೋಫಿಯೂ ಇಲ್ಲ. 2011ರಲ್ಲಿ ಫಾಬ್ರೆಗಾಸ್ ಹೋದ, 2012ರಲ್ಲಿ ವಾನ್ ಪರ್ಸಿ ಯುನೈಟೆಡ್‌ಗೇ ಹೋಗಿ ಮರುವರ್ಷ ಅವರಿಗೆ ಲೀಗ್ ಗೆಲ್ಲಿಸಿದ. ತಂಗಿಯ ಮಗ ಈ ಮಾತು ಎತ್ತದ ದಿನ ಇಲ್ಲ.

ಅವನದ್ದು ಬೇರೆ ಥರದ ಸಾಲ. 2005ರಲ್ಲಿ ಗ್ಲೇಜರ್ ಕುಟುಂಬ ಸುಮಾರು 79 ಕೋಟಿ ಪೌಂಡಿಗೆ ಯುನೈಟೆಡ್ ಕೊಂಡಿತು. ಅದರಲ್ಲಿ ಹೆಚ್ಚಿನದು ಸಾಲದ ದುಡ್ಡು, ಅದರ ಭಾರ ಬಿದ್ದದ್ದು ಕ್ಲಬ್ಬಿನ ತಲೆಗೆ. ಒಬ್ಬ ನಿಮ್ಮ ತೋಟ ಕೊಳ್ಳುತ್ತಾನೆ, ಅದೇ ತೋಟ ಅಡವಿಟ್ಟು. ಕಂತು ಕಟ್ಟುವುದು ತೋಟದ ಅಡಿಕೆಯಿಂದ. ಬಾವಿಯೂ ಇಲ್ಲ, ಪಂಪೂ ಇಲ್ಲ, ಮಾಲೀಕನ ಹೆಸರು ಬದಲಾದದ್ದು ಮಾತ್ರ. ಸಿಟ್ಟಾದ ಕೆಲವು ಅಭಿಮಾನಿಗಳು ಅದೇ ವರ್ಷ ಎಫ್‌ಸಿ ಯುನೈಟೆಡ್ ಅಂತ ತಮ್ಮದೇ ಕ್ಲಬ್ ಕಟ್ಟಿಕೊಂಡರು. "ಆದರೂ ಆಮೇಲೆ ಐದು ಲೀಗ್ ಗೆದ್ದೆವಲ್ಲ ಮಾವ" ಅನ್ನುತ್ತಾನೆ ಹುಡುಗ. ಗೆದ್ದರು. ಅಡಿಕೆಗೆ ರೇಟು ಇರುವಾಗ ಯಾವ ಕಂತೂ ಭಾರ ಅನ್ನಿಸುವುದಿಲ್ಲ.

ಮೂರನೆಯದ್ದು ಇಂಗ್ಲೆಂಡಿನದೇ ಲೀಡ್ಸ್ ಕ್ಲಬ್. ಮುಂದೆ ಬರಬಹುದಾದ ಆದಾಯವನ್ನು ನಂಬಿ ಸಾಲ ಮಾಡಿ ಆಟಗಾರರನ್ನು ಕೊಂಡರು. ಪ್ರತಿವರ್ಷ ಚಾಂಪಿಯನ್ಸ್ ಲೀಗ್ ಆಡುತ್ತೇವೆ ಅನ್ನುವ ಲೆಕ್ಕ. 2001ರಲ್ಲಿ ಸೆಮಿಫೈನಲ್ ತನಕ ಹೋದರು ಕೂಡ. ಮರುವರ್ಷ ಆ ಕೂಟಕ್ಕೆ ಜಾಗವೇ ಸಿಗಲಿಲ್ಲ. ಅಡಿಕೆಯ ಹಿಂಗಾರ ನೋಡಿ ಸಾಲ ಮಾಡಿದವನ ತೋಟಕ್ಕೆ ಮಳೆಗಾಲದ ಆಟಿ ತಿಂಗಳಲ್ಲಿ ಕೊಳೆರೋಗ ಬಂದರೆ ಏನಾಗುತ್ತದೆ, ಅದೇ ಆಯಿತು. 2004ರಲ್ಲಿ ಪ್ರೀಮಿಯರ್ ಲೀಗ್‌ನಿಂದ ಕೆಳಗೆ, 2007ರಲ್ಲಿ ಇನ್ನೂ ಒಂದು ಮೆಟ್ಟಿಲು ಕೆಳಗೆ. ವಾಪಸು ಬಂದದ್ದು 2020ರಲ್ಲಿ. ಇದನ್ನು ಹೇಳಿದರೆ ಇಬ್ಬರು ಹುಡುಗರೂ "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು" ಅಂತ ಒಟ್ಟಿಗೆ ಹೇಳುತ್ತಾರೆ, ಮರುದಿನ ಸ್ಟ್ರೈಕರ್ ಕೊಳ್ಳಲಿಲ್ಲ ಅಂತ ಮಾಲೀಕರಿಗೆ ಬೈಯುತ್ತಾರೆ.

ಇನ್ನೊಂದು ಕಿರಿಕಿರಿ, ನಷ್ಟವನ್ನು ಸಾಲ ಅನ್ನುವುದು. 2023ರ ನವೆಂಬರಿನಲ್ಲಿ ಪ್ರೀಮಿಯರ್ ಲೀಗ್‌ನ ಎವರ್ಟನ್ ಕ್ಲಬ್ಬಿನ 10 ಅಂಕ ಕಳೆದಾಗ ಚಹಾದಂಗಡಿಯಲ್ಲಿ ಸಿಕ್ಕ ವಿವರಣೆ: "ಸಾಲ ಜಾಸ್ತಿ ಆಯ್ತಂತೆ." ಅಲ್ಲ. ಆಗಿನ ನಿಯಮ ನೋಡುತ್ತಿದ್ದದ್ದು ನಷ್ಟವನ್ನು: ಮೂರು ವರ್ಷಕ್ಕೆ ಒಟ್ಟು 10.5 ಕೋಟಿ ಪೌಂಡ್ ಮಿತಿ. ಎವರ್ಟನ್ ಲೆಕ್ಕ 12.45 ಕೋಟಿಗೆ ಹೋಗಿತ್ತು. ಮೇಲ್ಮನವಿಯಲ್ಲಿ ಆ 10 ಅಂಕ 6ಕ್ಕೆ ಇಳಿಯಿತು. ಒಂದು ಪೈಸೆ ಸಾಲ ಇಲ್ಲದ ಕ್ಲಬ್ಬೂ ಈ ಮಿತಿ ದಾಟಬಹುದಿತ್ತು, ಮಾಲೀಕ ಕಿಸೆಯಿಂದ ಸುರಿಯುತ್ತಾ ಇದ್ದರೆ. ತಲೆತನಕ ಸಾಲ ಇದ್ದವನೂ ಪಾಸಾಗಬಹುದಿತ್ತು. ಆಟಗಾರನನ್ನು ಕೊಂಡು ಇನ್ನೂ ಕೊಡದ ಕಂತಿಗೂ ಸಾಲ ಅನ್ನುತ್ತಾರೆ. ಅದು ಬಾಕಿ, ಅಂಗಡಿಯ ಪುಸ್ತಕದಲ್ಲಿ ಬರೆಸುವ ಬಾಕಿ.

ನನ್ನನ್ನೂ ಸಿಕ್ಕಿಹಾಕಿಸುವ ಒಂದು ಪ್ರಸಂಗ ಉಂಟು. 2017ರಲ್ಲಿ ಫ್ರಾನ್ಸಿನ ಆಟಗಾರ ಎಂಬಾಪೆ ಮೊನಾಕೊ ಕ್ಲಬ್ಬಿನಿಂದ ಪ್ಯಾರಿಸ್ಸಿನ ಪಿಎಸ್‌ಜಿ ಕ್ಲಬ್ಬಿಗೆ ಹೋದದ್ದು ಎರವಲಾಗಿ. ವರ್ಷ ಕಳೆದ ಮೇಲೆ ಸುಮಾರು 18 ಕೋಟಿ ಯೂರೊಗೆ ಕೊಳ್ಳುವುದು ಅಂತ ಒಪ್ಪಂದ. ಅದೇ ಬೇಸಿಗೆಯಲ್ಲಿ ನೆಯ್ಮಾರ್‌ಗೆ 22.2 ಕೋಟಿ ಸುರಿದಾಗಿತ್ತು, ಎರಡನ್ನೂ ಒಂದೇ ವರ್ಷದ ಲೆಕ್ಕದಲ್ಲಿ ತೋರಿಸುವುದು ಕಷ್ಟ. ವಾಪಸು ಕೊಡುವ ಯೋಚನೆಯೇ ಇಲ್ಲದ್ದು ಎರವಲು ಹೇಗಾಗುತ್ತದೆ ಅಂತ ತಂಗಿಯ ಮಗ ಕೇಳಿದ. ಪದ ಹುಡುಕಿದೆ, ಸಿಗಲಿಲ್ಲ. ನಮ್ಮ ಮನೆಯ ಅಲ್ಯೂಮಿನಿಯಂ ಏಣಿಯನ್ನು ಕಾಳುಮೆಣಸು ಕೊಯ್ಯಲೆಂದು ಒಬ್ಬರು ಒಯ್ದು ಆರು ವರ್ಷ ಆಯಿತು. ಹೋದ ವಾರ ಅವರು ಅದಕ್ಕೆ ನೀಲಿ ಪೇಂಟ್ ಹೊಡೆಸಿದ್ದಾರೆ.