ಇಷ್ಟದ ಬಣ್ಣ, ಪಕ್ಕದ ಬಣ್ಣ: ಹಾಲ್‌ಗೆ ಬೇಕಾದ್ದನ್ನು ತಾವೇ ಹೊಲಿಯುವವರಿಗೆ ಒಂದಿಷ್ಟು ಟಿಪ್ಪಣಿ

ಸೋಫಾದ ಮೇಲೆ ಆರು ಗಿಳಿಹಸಿರು ಕುಶನ್. ಹೊಲಿಗೆ ಕಲಿಯಲು ಶುರುಮಾಡಿದ ಎರಡನೇ ತಿಂಗಳಿಗೇ ನಾನು ಮಾಡಿದ ಘನಕಾರ್ಯ ಇದು. ಗಿಳಿಹಸಿರು ಅಂದ್ರೆ ನನಗೆ ಪ್ರಾಣ. ಸೋಫಾ ಮಾತ್ರ ಮೆರೂನ್. ಆರೂ ಕವರ್ ಹಾಕಿ, ಬಾಗಿಲ ಹತ್ತಿರ ನಿಂತು ನೋಡಿದೆ. ಕಣ್ಣು ಕುಕ್ಕಿತು. ಹೊಲಿಗೆ ನೆಟ್ಟಗಿತ್ತು, ಬಟ್ಟೆ ಚೆನ್ನಾಗಿತ್ತು, ಬಣ್ಣವೂ ನಾನೇ ಆಸೆಪಟ್ಟು ತಂದದ್ದು. ಆದರೂ ಅಲ್ಲಿ ಹೋಗಿ ಕೂರಲು ಮನಸ್ಸೇ ಆಗಲಿಲ್ಲ. ಸಿಟ್ಟು ಬಂದು ಐದನ್ನು ಎತ್ತಿ ಒಳಗಿಟ್ಟೆ. ಒಂದು ಕಣ್ತಪ್ಪಿ ಮೂಲೆಯಲ್ಲೇ ಉಳಿದಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಅದೇ ಹಸಿರು, ಅದೇ ಸೋಫಾ, ಎಷ್ಟು ಚೆಂದ ಕಾಣುತ್ತಿದೆ!

ಹೀಗೇಕಾಯ್ತು ಅಂತ ಓದಿ, ಮಾಡಿ ನೋಡಿ ತಿಳಿದುಕೊಂಡದ್ದು ಇಲ್ಲಿದೆ. ಅರ್ಧ ಬಣ್ಣದ ಪಾಠ, ಅರ್ಧ ಹೊಲಿಗೆಯ ಲೆಕ್ಕ. ನಾನು ಇವೆರಡನ್ನೂ ಬೇರೆ ಬೇರೆ ವಿಷಯ ಅಂದುಕೊಂಡಿದ್ದೆ. ತಪ್ಪಿದ್ದೇ ಅಲ್ಲಿ.

ಬಣ್ಣಕ್ಕೆ ನೆರೆಹೊರೆ ಮುಖ್ಯ

1824ರಲ್ಲಿ ಮಿಶೆಲ್ ಯುಜೀನ್ ಶೆವ್ರೂಲ್ ಎಂಬ ರಸಾಯನ ವಿಜ್ಞಾನಿ ಪ್ಯಾರಿಸ್‌ನ ಗೊಬೆಲ್ಯಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥರಾದರು. ಗೋಡೆಗೆ ತೂಗುಹಾಕುವ ಚಿತ್ರದ ನೇಯ್ಗೆಗೆ ಹೆಸರಾದ ಜಾಗ ಅದು. ಅಲ್ಲಿ ಕಪ್ಪು ದಾರದ ಬಗ್ಗೆ ಒಂದು ದೂರು ಇತ್ತು. ನೀಲಿ, ನೇರಳೆ ಬಣ್ಣಗಳ ನಡುವೆ ನೆರಳು ತೋರಿಸಲು ಕಪ್ಪು ನೇಯ್ದರೆ ಅದು ಪೇಲವವಾಗಿ ಕಾಣುತ್ತಿತ್ತು. ಶೆವ್ರೂಲ್ ಬೇರೆ ಕಡೆಯ ಕಪ್ಪು ದಾರವನ್ನೂ ತರಿಸಿ ಹೋಲಿಸಿದರು. ತಮ್ಮ ಕಪ್ಪಿನಲ್ಲಿ ಏನೂ ಕೊರತೆ ಇರಲಿಲ್ಲ. ಪಕ್ಕದಲ್ಲಿದ್ದ ನೀಲಿಯೇ ಅದರ ಕಳೆ ತೆಗೆಯುತ್ತಿತ್ತು. ಮುಂದೆ ವರ್ಷಗಟ್ಟಲೆ ಪ್ರಯೋಗ ಮಾಡಿ 1839ರಲ್ಲಿ ಅವರು ಇದನ್ನು ಒಂದು ನಿಯಮವಾಗಿ ಪ್ರಕಟಿಸಿದರು.

ನಿಯಮ ಸರಳ. ಎರಡು ಬಣ್ಣ ಅಕ್ಕಪಕ್ಕ ಬಂದರೆ ನಮ್ಮ ಕಣ್ಣು ಅವುಗಳ ವ್ಯತ್ಯಾಸವನ್ನು ಹಿಗ್ಗಿಸುತ್ತದೆ. ಗಾಢ ಬಣ್ಣದ ಪಕ್ಕ ತಿಳಿಬಣ್ಣ ಇನ್ನೂ ತಿಳಿಯಾಗಿ ಕಾಣುತ್ತದೆ. ಕೆಂಪಿನ ಪಕ್ಕ ಹಸಿರು ಇಟ್ಟರೆ ಎರಡೂ ಜೋರಾಗುತ್ತವೆ. ಕೆಂಪು–ಹಸಿರು, ನೀಲಿ–ಕಿತ್ತಳೆ, ಹಳದಿ–ನೇರಳೆ, ಇವು ಬಣ್ಣದ ಚಕ್ರದಲ್ಲಿ ಎದುರುಬದುರು ಕೂತ ಜೋಡಿಗಳು. ಮೆರೂನ್ ಅಂದರೆ ಕಡುಗೆಂಪು ತಾನೇ? ನನ್ನ ಆರು ಗಿಳಿಹಸಿರು ಕುಶನ್‌ಗಳು ಅದರ ಮೇಲೆ ಕೂತು ಜಗಳಕ್ಕೇ ನಿಂತಿದ್ದವು.

ಇದನ್ನು ನಂಬಬೇಡಿ, ಮಾಡಿ ನೋಡಿ. ಬೂದು ಬಣ್ಣದ ಬಟ್ಟೆಯಿಂದ ಎರಡಿಂಚಿನ ಎರಡು ಚೌಕ ಕತ್ತರಿಸಿ. ಒಂದನ್ನು ಅಗಲವಾದ ಕೆಂಪು ಬಟ್ಟೆಯ ನಡುವೆ ಇಡಿ, ಇನ್ನೊಂದನ್ನು ಹಸಿರಿನ ನಡುವೆ. ಕಣ್ಣು ಸ್ವಲ್ಪ ಕಿರಿದು ಮಾಡಿ ನೋಡಿ. ಕೆಂಪಿನ ಮೇಲಿನ ಬೂದು ತುಸು ಹಸಿರಿಗೆ ತಿರುಗಿದಂತೆ, ಹಸಿರಿನ ಮೇಲಿನದು ತುಸು ಗುಲಾಬಿಗೆ ತಿರುಗಿದಂತೆ ಕಾಣುತ್ತದೆ. ಒಂದೇ ಬಟ್ಟೆಯ ತುಂಡುಗಳು, ಅಲ್ವಾ? ನಾನು ಎರಡನ್ನೂ ಎತ್ತಿ ಜೋಡಿಸಿ ನೋಡಿ ಮತ್ತೆ ಇಟ್ಟೆ, ಮೂರು ಸಲ.

ಹಾಗಾದರೆ ಆ ಒಂದೇ ಕುಶನ್ ಏಕೆ ಚೆಂದ ಕಂಡಿತು? ಅಲ್ಲಿ ಕೆಲಸ ಮಾಡಿದ್ದು ಪ್ರಮಾಣ. ಒಳಾಂಗಣ ವಿನ್ಯಾಸ ಮಾಡುವವರು 60–30–10 ಅಂತ ಒಂದು ಲೆಕ್ಕ ಹೇಳುತ್ತಾರೆ. ಕೋಣೆಯಲ್ಲಿ ಕಣ್ಣಿಗೆ ಬೀಳುವ ಬಣ್ಣದಲ್ಲಿ ನೂರಕ್ಕೆ ಸುಮಾರು 60 ಪಾಲು ಒಂದು ಬಣ್ಣದ ಬಳಗ, 30 ಪಾಲು ಎರಡನೆಯದು, 10 ಪಾಲು ಎದ್ದು ಕಾಣುವಂಥದ್ದು. ಟೇಪು ಹಿಡಿದು ಅಳೆಯುವ ಲೆಕ್ಕ ಇದಲ್ಲ. ಗೋಡೆ, ದೊಡ್ಡ ಸೋಫಾ ಮೊದಲೇ 60ರ ಜಾಗ ಹಿಡಿದಿರುತ್ತವೆ. ಪರದೆ, ನೆಲಹಾಸು 30ರ ಕಡೆಗೆ. ಕುಶನ್, ಟೇಬಲ್ ರನ್ನರ್, ಪರದೆ ಕಟ್ಟುವ ಪಟ್ಟಿ ಕೊನೆಯ 10ಕ್ಕೆ. ನಮಗೆ ತುಂಬಾ ಇಷ್ಟವಾದ ಬಣ್ಣ ಸಾಮಾನ್ಯವಾಗಿ ಜೋರಾಗಿಯೇ ಇರುತ್ತದೆ. ಅದಕ್ಕೆ ಈ 10ರ ಜಾಗವೇ ಸರಿ ಅಂತ ನನ್ನ ಅಭಿಪ್ರಾಯ. ಇಷ್ಟ ಇದೆ ಅಂತ ಜಾಸ್ತಿ ಹಾಕಿದರೆ ವಾರದಲ್ಲಿ ಬೇಜಾರಾಗುತ್ತದೆ.

ಈಗ ನನ್ನ ಸೋಫಾದಲ್ಲಿ ಒಂದು ಗಿಳಿಹಸಿರು, ಎರಡು ಮಾಸಲು ಹಸಿರು, ಎರಡು ಕೆನೆಬಣ್ಣದವು ಇವೆ. ಜೋರು ಬಣ್ಣಕ್ಕೆ ಅದರದೇ ಮಂಕಾದ ತಮ್ಮನನ್ನು ಜೊತೆಗಿಟ್ಟರೆ ಅದು ಒಂಟಿಯಾಗಿ ಕಾಣುವುದಿಲ್ಲ.

ಬೆಳಕು ಬದಲಾದರೆ ಬಟ್ಟೆಯೂ ಬದಲು

ಅಂಗಡಿಯಲ್ಲಿ ಬೂದು, ಮನೆಯಲ್ಲಿ ಹಸಿರು ಛಾಯೆ. ಇದು ಎಲ್ಲರಿಗೂ ಆಗುವ ಅನುಭವ. ಬಲ್ಬಿನ ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸುಮಾರು 2700 ಕೆಲ್ವಿನ್‌ನ ಬಲ್ಬು ಹಳದಿ ಬೆಳಕು ಕೊಡುತ್ತದೆ, 6500 ಕೆಲ್ವಿನ್‌ನದು ಬೆಳ್ಳಗೆ, ಸ್ವಲ್ಪ ನೀಲಿ. ಹಳದಿ ಬೆಳಕಿನಲ್ಲಿ ಕೆಂಪು, ಕಿತ್ತಳೆಗೆ ಕಳೆ ಬರುತ್ತದೆ, ನೀಲಿ ಮಂಕಾಗುತ್ತದೆ. ಒಂದು ಬೆಳಕಲ್ಲಿ ಪಕ್ಕಾ ಜೋಡಿಯಂತೆ ಕಂಡ ಎರಡು ಬಟ್ಟೆ ಇನ್ನೊಂದು ಬೆಳಕಲ್ಲಿ ಬೇರೆ ಬೇರೆ ಆಗುವುದೂ ಉಂಟು. ಎರಡಕ್ಕೂ ಹಾಕಿದ ಬಣ್ಣದ ಪುಡಿ ಬೇರೆಯಾಗಿರುತ್ತದೆ, ಬೆಳಕನ್ನು ಹಿಂದಕ್ಕೆ ಚೆಲ್ಲುವ ರೀತಿಯೂ ಬೇರೆ. ದಾರಕ್ಕೂ ಇದೇ ಮಾತು. ರೀಲನ್ನು ಬಟ್ಟೆಯ ಮೇಲಿಟ್ಟು ನೋಡಿದರೆ ಸಾಲದು. ಒಂದು ಎಳೆ ಬಿಚ್ಚಿ ಬಟ್ಟೆಯ ಮೇಲೆ ಎಳೆದು ನೋಡಿ. ಸರಿಯಾದದ್ದು ಸಿಗದಿದ್ದರೆ ಒಂದು ಛಾಯೆ ಗಾಢವಾದದ್ದೇ ಇರಲಿ. ತಿಳಿಬಣ್ಣದ ದಾರ ಹೊಲಿಗೆಯಲ್ಲಿ ಎದ್ದು ಕಾಣುತ್ತದೆ.

ಇನ್ನೊಂದು ವಿಚಿತ್ರ. ಮುಸ್ಸಂಜೆಯಲ್ಲಿ, ದೀಪ ಹಾಕುವ ಮೊದಲು, ಕೆಂಪು ಕುಶನ್ ಕಪ್ಪಗಾಗುತ್ತದೆ, ನೀಲಿ–ಹಸಿರು ಮಾತ್ರ ಇನ್ನೂ ಬೆಳ್ಳಗೆ ಕಾಣುತ್ತಿರುತ್ತದೆ. ಮಂದ ಬೆಳಕಲ್ಲಿ ಕಣ್ಣಿನ ಬೇರೆ ಬಗೆಯ ಕೋಶಗಳು ಕೆಲಸಕ್ಕಿಳಿಯುತ್ತವೆ, ಅವಕ್ಕೆ ಕೆಂಪು ಅಷ್ಟಾಗಿ ಹತ್ತುವುದಿಲ್ಲ. ಚೆಕ್ ವಿಜ್ಞಾನಿ ಪುರ್ಕಿನ್ಯೆ ಹೆಸರಿನಲ್ಲೇ ಇದನ್ನು ಕರೆಯುತ್ತಾರೆ. ಹೊಲಿಗೆಗೆ ಇದರಿಂದ ದೊಡ್ಡ ಉಪಯೋಗವೇನಿಲ್ಲ. ಸುಮ್ನೆ ಗಮನಿಸಲು ಮಜಾ ಇರುತ್ತದೆ.

ಉಪಯೋಗದ ಮಾತು ಇಷ್ಟೇ: ಮೊದಲು ಅರ್ಧ ಮೀಟರ್ ಬಟ್ಟೆ ಮಾತ್ರ ತನ್ನಿ. ಹೊಲಿಯಬೇಡಿ. ಸೋಫಾದ ಮೇಲೆ ಹಾಸಿ ಎರಡು ದಿನ ಬಿಡಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪದಲ್ಲಿ ಓಡಾಡುವಾಗ ಕಣ್ಣು ಹಾಯಿಸಿ. ಮೂರನೇ ದಿನವೂ ಇಷ್ಟವಾದರೆ ಕತ್ತರಿ ತೆಗೆಯಿರಿ.

ಕುಶನ್ ಕವರ್

ಜಿಪ್ ಇಲ್ಲದ, ಹಿಂದೆ ಒಂದರ ಮೇಲೊಂದು ಬರುವ ಎರಡು ತುಂಡಿನ ಕವರ್‌ನಿಂದಲೇ ಶುರುಮಾಡಿ. ಲಕೋಟೆಯ ಹಾಗೆ. ಒಂದು ಸಂಜೆಗೆ ಎರಡು ಮುಗಿಯುತ್ತವೆ.

ಹತ್ತಿ ಬಟ್ಟೆಯಾದರೆ ಮೊದಲು ನೆನೆಸಿ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ. ಹತ್ತಿ ಮೊದಲ ಒಗೆತಕ್ಕೆ ನೂರಕ್ಕೆ 3ರಿಂದ 5 ಪಾಲು ಕುಗ್ಗುವುದು ಸಾಮಾನ್ಯ. ಹೊಲಿದ ಮೇಲೆ ಕುಗ್ಗಿದರೆ ದಿಂಬು ಒಳಗೆ ಹೋಗುವುದಿಲ್ಲ.

16 ಇಂಚಿನ ಕವರ್ ಅಂತ ಇಟ್ಟುಕೊಳ್ಳೋಣ. ಹೊಲಿಗೆಗೆ ಸುತ್ತ ಅರ್ಧ ಇಂಚು ಬಿಡಬೇಕು. ಹಾಗಾಗಿ ಮುಂಭಾಗ 17 × 17. ಹಿಂಭಾಗಕ್ಕೆ 17 × 12ರ ಎರಡು ತುಂಡು. ಪ್ರತಿ ತುಂಡಿನ ಒಂದು ಉದ್ದ ಅಂಚನ್ನು ಅರ್ಧ ಇಂಚು ಮಡಿಸಿ, ಮತ್ತೆ ಅರ್ಧ ಇಂಚು ಮಡಿಸಿ ಹೊಲಿಯಿರಿ. ಒಂದು ಇಂಚು ಅದಕ್ಕೆ ಹೋಯಿತು, 11 ಉಳಿಯಿತು. ಎರಡು ತುಂಡು ಸೇರಿ 22. ಬೇಕಾದ್ದು 17. ಮಿಕ್ಕ 5 ಇಂಚು ಒಂದರ ಮೇಲೊಂದು ಬರುತ್ತದೆ. ಈ 5 ಇಂಚು ಉಳಿಸಲು ಹೋಗಬೇಡಿ. ನಾನು ಬಟ್ಟೆ ಉಳಿಸಲು 2 ಇಂಚು ಮಾಡಿದ್ದೆ. ಯಾರಾದರೂ ಒರಗಿದರೆ ಸಾಕು, ಹಿಂದೆ ಬಾಯಿ ಬಿಟ್ಟು ಒಳಗಿನ ಬಿಳಿ ದಿಂಬು ಇಣುಕುತ್ತಿತ್ತು.

ಜೋಡಿಸುವ ಕ್ರಮದಲ್ಲೇ ಹೊಸಬರು ಎಡವುವುದು. ಮುಂಭಾಗದ ಒಳ್ಳೆ ಮೈ (ಹೊರಗೆ ಕಾಣಬೇಕಾದ ಬದಿ) ಮೇಲೆ ಬರುವ ಹಾಗೆ ಹಾಸಿ. ಹಿಂಭಾಗದ ಮೊದಲ ತುಂಡನ್ನು ಒಳ್ಳೆ ಮೈ ಕೆಳಗೆ ಮಾಡಿ ಇಡಿ, ಹೊಲಿದ ಅಂಚು ನಡುವಿನ ಕಡೆಗಿರಲಿ. ಎರಡನೆಯದನ್ನೂ ಹಾಗೆಯೇ, ಎದುರು ಬದಿಯಿಂದ. ಪಿನ್ ಚುಚ್ಚಿ, ಸುತ್ತ ನಾಲ್ಕೂ ಬದಿ ಅರ್ಧ ಇಂಚಿಗೆ ಹೊಲಿಯಿರಿ. ಎರಡು ತುಂಡು ಸೇರುವ ಜಾಗದಲ್ಲಿ ಹಿಂದೆ ಮುಂದೆ ನಾಲ್ಕು ಹೊಲಿಗೆ ಜಾಸ್ತಿ ಹಾಕಿ, ದಿಂಬು ತುರುಕುವಾಗ ಎಳೆತ ಬೀಳುವುದು ಅಲ್ಲೇ. ಮೂಲೆಯ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ. ಅಂಚಿಗೆ ಜಿಗ್‌ಜಾಗ್ ಅಥವಾ ಓವರ್‌ಲಾಕ್. ತಿರುಗಿಸಿ ಮೂಲೆಯನ್ನು ಪೆನ್ಸಿಲ್‌ನ ಹಿಂಬದಿಯಿಂದ ತಳ್ಳಿ. ಕತ್ತರಿಯ ತುದಿಯಿಂದ ತಳ್ಳಿ ಮೂಲೆ ತೂತು ಮಾಡಿಕೊಂಡವಳು ಹೇಳುತ್ತಿದ್ದೇನೆ.

ಮೂಲೆ ನಾಯಿಕಿವಿಯ ಹಾಗೆ ಚೂಪಾಗಿ ಜೋಲುವುದು ಇನ್ನೊಂದು ತೊಂದರೆ. ದಿಂಬು ನಡುವೆ ಉಬ್ಬಿ, ಮೂಲೆಯವರೆಗೆ ತುಂಬುವುದಿಲ್ಲ. ಪರಿಹಾರ ಎರಡು. ಹೊಲಿಯುವ ಮೊದಲು ಪ್ರತಿ ಮೂಲೆಯಿಂದ ಎರಡೂ ಬದಿಗೆ 4 ಇಂಚು ಗುರುತು ಮಾಡಿ. ಅಲ್ಲಿಂದ ಮೂಲೆಗೆ ಬರುವಾಗ ನಿಧಾನವಾಗಿ ಅರ್ಧ ಇಂಚು ಒಳಗೆ ಸರಿಯುವ ಗೆರೆ ಎಳೆದು ಕತ್ತರಿಸಿ. ನೋಡಲು ಸೊಟ್ಟಗೆ ಕಾಣುತ್ತದೆ, ದಿಂಬು ತುಂಬಿದ ಮೇಲೆ ನೆಟ್ಟಗೆ ಚೌಕವಾಗುತ್ತದೆ. ಇನ್ನೊಂದು, 16ರ ಕವರ್‌ಗೆ 17 ಅಥವಾ 18ರ ದಿಂಬು ತುಂಬುವುದು. ನನಗೆ ಇದೇ ಇಷ್ಟ. ಬಿಗಿಯಾಗಿ ಕೂರುತ್ತದೆ.

ಮಿಷನ್ ಬಗ್ಗೆ ಎರಡೇ ಮಾತು. ಸಾಮಾನ್ಯ ದಪ್ಪದ ಬಟ್ಟೆಗೆ 14ನೇ ನಂಬರ್ ಸೂಜಿ, ಕ್ಯಾನ್ವಾಸ್, ಡೆನಿಮ್‌ನಂಥದ್ದಕ್ಕೆ 16. ಬಟ್ಟೆಯ ಅಡಿಯಲ್ಲಿ ದಾರ ಗುಂಗುರು ಗುಂಗುರಾಗಿ ಬಂದರೆ ಎಲ್ಲರೂ ಬಾಬಿನ್ (ಕೆಳಗಿನ ದಾರದ ಸಣ್ಣ ಉರುಳೆ) ಬಿಚ್ಚುತ್ತಾರೆ. ತಪ್ಪು ಹೆಚ್ಚಾಗಿ ಮೇಲಿನ ದಾರದ್ದು. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸರ್ ಫೂಟ್ ಎತ್ತಿ ಮೇಲಿನ ದಾರವನ್ನು ಹೊಸದಾಗಿ ಪೋಣಿಸಿ. ಫೂಟ್ ಇಳಿದಿದ್ದಾಗ ಪೋಣಿಸಿದರೆ ದಾರ ತನ್ನನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಕೂರುವುದೇ ಇಲ್ಲ.

ಪರದೆ: ಹೊಲಿಗೆ ಸುಲಭ, ಲೆಕ್ಕ ಕಷ್ಟ

ಪರದೆ ಅಂದರೆ ನೇರ ಹೊಲಿಗೆ ಅಷ್ಟೇ. ಆದರೆ ಬಟ್ಟೆ ಜಾಸ್ತಿ ಬೇಕು, ತಪ್ಪಿದರೆ ನಷ್ಟವೂ ಜಾಸ್ತಿ. ನಾನು ಇದನ್ನು ಕುಶನ್ ಆದ ಮೇಲೆ ಇಟ್ಟುಕೊಂಡದ್ದಕ್ಕೆ ಕಾರಣವೂ ಅದೇ.

ಕಂಬಿಯ ಉದ್ದದ ಎರಡರಿಂದ ಎರಡೂವರೆ ಪಟ್ಟು ಬಟ್ಟೆ ಇದ್ದರೆ ನೆರಿಗೆ ತುಂಬಿ ಕಾಣುತ್ತದೆ. ಒಂದೂವರೆ ಪಟ್ಟಿಗೆ ಇಳಿದರೆ ಪರದೆ ಒಣಹಾಕಿದ ಬೆಡ್‌ಶೀಟ್‌ನ ಹಾಗಾಗುತ್ತದೆ. ಕಂಬಿ 5 ಅಡಿ ಅಂದರೆ 60 ಇಂಚು, ಎರಡು ಪಟ್ಟು 120. ಬಟ್ಟೆಯ ಅಗಲ 44 ಇಂಚು ಇದ್ದರೆ ಮೂರು ಉದ್ದ (ಪರದೆಯ ಎತ್ತರಕ್ಕೆ ಕತ್ತರಿಸಿದ ತುಂಡು) ಬೇಕು, ಅಗಲ ಒಟ್ಟು 132 ಇಂಚು. ಒಂದನ್ನು ಉದ್ದಕ್ಕೆ ಸೀಳಿ ಎರಡು ಪರದೆಗೂ ಹಂಚಬೇಕು. ಎರಡು ಜೋಡಣೆಗೆ 2 ಇಂಚು, ನಾಲ್ಕು ಬದಿಯ ಮಡಿಕೆಗೆ ಒಂದೂವರೆಯಂತೆ 6 ಇಂಚು ಹೋದರೆ 124 ಉಳಿಯುತ್ತದೆ. ಸರಿ ಹೋಯಿತು.

ಉದ್ದ? ಸಿದ್ಧವಾದ ಪರದೆ 84 ಇಂಚು ಬರಬೇಕು ಅನ್ನಿ. ಕೆಳಗೆ 4 ಇಂಚಿನ ಎರಡು ಮಡಿಕೆಗೆ 8, ಮೇಲೆ ಕಂಬಿ ತೂರಿಸುವ ಪಟ್ಟಿಗೆ ನಾಲ್ಕೂವರೆ. ಒಟ್ಟು 96.5. ಮೂರು ಉದ್ದಕ್ಕೆ 289.5 ಇಂಚು, ಸುಮಾರು 7.35 ಮೀಟರ್. 5 ಪಾಲು ಕುಗ್ಗಿದರೂ ಸಾಲಬೇಕು ಅಂದರೆ 7.75 ಮೀಟರ್ ತರಬೇಕು. ಅಗಲವೂ ಕುಗ್ಗಿ 42 ಆಗಬಹುದು, ಆಗ ಎರಡು ಪಟ್ಟಿಗೆ ಚೂರು ಕಡಿಮೆ. ಅದು ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ ದೊಡ್ಡ ಚಿತ್ತಾರದ ಬಟ್ಟೆಯಾದರೆ ಈ ಲೆಕ್ಕ ಕೆಲಸಕ್ಕೆ ಬಾರದು. ಚಿತ್ತಾರ 12 ಇಂಚಿಗೊಮ್ಮೆ ಮರಳಿ ಬರುತ್ತಿದ್ದರೆ ಪ್ರತಿ ಉದ್ದವನ್ನೂ 96.5ರಿಂದ 108ಕ್ಕೆ ಏರಿಸಬೇಕು. ಇಲ್ಲದಿದ್ದರೆ ಜೋಡಣೆಯಲ್ಲಿ ಅರ್ಧ ಹೂವಿನ ಪಕ್ಕ ಬರೀ ಎಲೆ ಬರುತ್ತದೆ. ಮೊದಲ ಪರದೆಗೆ ಒಂದೇ ಬಣ್ಣದ ಬಟ್ಟೆ ಆರಿಸಿ, ತಲೆನೋವಿಲ್ಲ.

ಬಣ್ಣದ ಪಾಠ ಇಲ್ಲಿ ಮತ್ತೆ ಬರುತ್ತದೆ. ಅಂಗೈಯಗಲದ ತುಂಡಿನಲ್ಲಿ ಹಿತವಾಗಿ ಕಂಡ ಬಣ್ಣ ಇಡೀ ಕಿಟಕಿಗೆ ಹರಡಿದಾಗ ಜೋರಾಗುತ್ತದೆ. ಹಗಲಲ್ಲಿ ಬಿಸಿಲು ಪರದೆಯ ಮೂಲಕ ಬಂದು ಕೋಣೆಗೆಲ್ಲ ಅದೇ ಬಣ್ಣ ಬಳಿಯುತ್ತದೆ. ಹಸಿರು ಪರದೆಯಾದರೆ ಕೂತವರ ಮುಖವೂ ಹಸಿರು! ಹಾಗಾಗಿ ನಾನು ಪರದೆಗೆ ಕೆನೆಬಣ್ಣ ಆರಿಸಿದೆ. ಗಿಳಿಹಸಿರಿನ ಆಸೆ ಬಿಡಲಾಗದೆ ಅದನ್ನು ಒಳ ಅಂಚಿಗೆ ಎರಡಿಂಚಿನ ಪಟ್ಟಿಯಾಗಿ ಇಟ್ಟೆ. ಬಿಚ್ಚಿದ ಐದು ಕುಶನ್ ಕವರ್‌ಗಳೇ ಈ ಪಟ್ಟಿಗೆ ಬಂದವು. ತುಂಡುಗಳನ್ನು ಜೋಡಿಸುವಾಗ ಬಟ್ಟೆಯ ಹಾಸಿನ ಎಳೆ (ನೇಯ್ಗೆಯಲ್ಲಿ ಉದ್ದಕ್ಕೆ ಹೋಗುವ ನೂಲು) ಎಲ್ಲದರಲ್ಲೂ ಉದ್ದಕ್ಕೇ ಬರುವಂತೆ ನೋಡಿಕೊಂಡೆ. ಅಡ್ಡಾದಿಡ್ಡಿ ಕತ್ತರಿಸಿದ ಪಟ್ಟಿ ಹಿಗ್ಗುತ್ತದೆ, ಆಮೇಲೆ ಅಂಚು ಅಲೆಅಲೆಯಾಗುತ್ತದೆ.

ಕೊನೆಯದು ಕೆಳಗಿನ ಮಡಿಕೆ. ಅದನ್ನು ಕೂಡಲೇ ಹೊಲಿಯಬೇಡಿ. ಬಟ್ಟೆ ತನ್ನ ಭಾರಕ್ಕೇ ಸ್ವಲ್ಪ ಇಳಿಯುತ್ತದೆ, ಎರಡು ಪರದೆ ಒಂದೇ ಸಮ ಇಳಿಯುತ್ತವೆ ಅಂತಲೂ ಇಲ್ಲ. ಮೇಲಿನ ಪಟ್ಟಿ ಹೊಲಿದು, ಕೆಳಗೆ ಬರೀ ಪಿನ್ ಹಾಕಿ ಎರಡು ಮೂರು ದಿನ ತೂಗುಬಿಡಿ. ನನ್ನವು ಶುಕ್ರವಾರದಿಂದ ತೂಗುತ್ತಿವೆ. ಎಡಗಡೆಯದು ಈಗಾಗಲೇ ಕಾಲಿಂಚು ಇಳಿದಿದೆ. ಸೋಮವಾರ ನೆಲದಿಂದ ಅರ್ಧ ಇಂಚು ಮೇಲಕ್ಕೆ ಹೊಸದಾಗಿ ಗುರುತು ಹಾಕಿ ಹೊಲಿಯಬೇಕು.