ಓದುಗರ ಪ್ರಶ್ನೆ: ಕೌದಿ ಮೇಲೆ ಹಾಕಿದ ಗೆರೆ ಪೂರ್ತಿ ಹೋಗಬೇಕಾದರೆ ಯಾವುದರಿಂದ ಹಾಕಬೇಕು?

ಪ್ರಶ್ನೆ: "ಮಗಳ ಬಾಣಂತನಕ್ಕೆ ಅಂತ ಎರಡು ಕೌದಿ ಹೊಲೀತಾ ಇದ್ದೀನ್ರಿ. ಒಂದು ನಮ್ಮವ್ವನ ಹಳೇ ಕಾಟನ್ ಸೀರೆಗಳದ್ದು, ತಿಳಿ ಬಣ್ಣ. ಇನ್ನೊಂದು ಜೀನ್ಸ್ ಚೂರುಗಳದ್ದು. ಸಾಲು ನೆಟ್ಟಗೆ ಬರಲಿ ಅಂತ ಗೆರೆ ಹಾಕ್ಕೋಬೇಕು. ನೀಲಿ ಪೆನ್ನು ನೀರಿಗೆ ಹೋಗುತ್ತೆ ಅಂತಾರೆ. ಇನ್ನೊಂದು ಪೆನ್ನು ಇಸ್ತ್ರಿ ಮಾಡಿದ್ರೆ ಹೋಗುತ್ತೆ ಅಂತಾರೆ. ಯಾವುದು ತಗೊಳ್ಳಲಿ?" – ಗಂಗಾವತಿಯಿಂದ ಒಬ್ಬ ಓದುಗರು

ಅಕ್ಕ, ನೇರ ಉತ್ತರ ಮೊದಲು. ಸೀರೆ ಕೌದಿಗೆ ಮಾಸ್ಕಿಂಗ್ ಟೇಪ್ ಬಳಸಿ, ಇಲ್ಲವೇ ಶಾಯಿ ಇಲ್ಲದೆ ಬರೀ ಒತ್ತಿ ಗೆರೆ ಮೂಡಿಸಿ. ಜೀನ್ಸ್ ಕೌದಿಗೆ ಬಿಳಿ ಮಾರ್ಕಿಂಗ್ ಚಾಕ್ ಅಥವಾ ಒಣಗಿದ ಸೋಪಿನ ಚೂರು ಸಾಕು. ನೀಲಿ ಪೆನ್ನು ಕೆಟ್ಟದ್ದಲ್ಲ, ಆದರೆ ಅದಕ್ಕೆ ಕಟ್ಟುನಿಟ್ಟು ಜಾಸ್ತಿ. ಇಸ್ತ್ರಿಗೆ ಹೋಗುವ ಪೆನ್ನನ್ನು ಈ ಎರಡು ಕೌದಿಗೂ ಮುಟ್ಟಿಸಬೇಡಿ.

ಅಂಗಡಿಯಲ್ಲಿ ಪೆನ್ನು ಕೈಗೆ ಕೊಟ್ಟು "ಹೋಗುತ್ತೆ, ಏನೂ ಆಗಲ್ಲ" ಅನ್ನುತ್ತಾರೆ. ಯಾವುದರಿಂದ ಹೋಗುತ್ತದೆ, ಯಾವುದು ತಾಗಿದರೆ ಹೋಗದೆ ಕೂತುಬಿಡುತ್ತದೆ, ಈ ಎರಡು ಪ್ರಶ್ನೆ ಮಾತ್ರ ಯಾರೂ ಕೇಳುವುದಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಇದ್ದುಕೊಂಡು ಕೌದಿ ಹೊಲಿಯುವವರಿಗೆ ಎರಡನೆಯ ಪ್ರಶ್ನೆಯೇ ದೊಡ್ಡದು. ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೋರ್ ನೀರು ಬಹಳ ಕಡೆ ಗಡಸು. ಕೌದಿ ಅಂದರೆ ಒಂದೇ ಬಟ್ಟೆಯಲ್ಲ, ನಾಲ್ಕೈದು ಪದರ. ಈ ಮೂರೂ ಸೇರಿದಾಗ ಪೆನ್ನಿನ ಪ್ಯಾಕೆಟ್ ಮೇಲೆ ಬರೆದಿರುವ ಮಾತು ಅಷ್ಟು ಸುಲಭಕ್ಕೆ ನಡೆಯುವುದಿಲ್ಲ.

ನೀಲಿ ಪೆನ್ನಿನಿಂದ ಶುರು ಮಾಡೋಣ. ಜನ ಜಾಸ್ತಿ ಕೊಳ್ಳುವುದು ಅದನ್ನೇ. ಗೆರೆ ತೆಳ್ಳಗೆ, ಚೆನ್ನಾಗಿ ಕಾಣುವಂತೆ ಬರುತ್ತದೆ. ತಣ್ಣೀರು ತಾಗಿದ ಕೂಡಲೇ ಮಾಯ. ಇದರ ವೈರಿಗಳು ಎರಡು: ಬಿಸಿ ಮತ್ತು ಸೋಪು. ಗೆರೆ ಇರುವಾಗಲೇ ಇಸ್ತ್ರಿ ಪೆಟ್ಟಿಗೆ ಓಡಿಸಿದರೆ ನೀಲಿ ಕಂದು ಬಣ್ಣಕ್ಕೆ ತಿರುಗಿ ದಾರದೊಳಗೆ ಕೂತುಬಿಡಬಹುದು. ನೀರಿಗೆ ಹಾಕುವ ಮೊದಲೇ ಸೋಪಿನ ಪುಡಿ ಸುರಿದರೂ ಅದೇ ಗತಿ, ಏಕೆಂದರೆ ಬಟ್ಟೆ ಒಗೆಯುವ ಪುಡಿಯಲ್ಲಿ ಕ್ಷಾರ ಇರುತ್ತದೆ. ಆಮೇಲೆ ಎಷ್ಟು ತಿಕ್ಕಿದರೂ ಹೋಗುವುದು ಕಷ್ಟ. ಬ್ಲೀಚಿಂಗ್ ಹಾಕಿದರೆ ಸೀರೆಯ ಬಣ್ಣ ಹೋಗುತ್ತದೆ, ಕಲೆ ಹೋಗುತ್ತದೆ ಅನ್ನುವ ಖಾತ್ರಿ ಇಲ್ಲ.

ಬಿಸಿ ಅಂದಾಗ ಇಸ್ತ್ರಿ ಪೆಟ್ಟಿಗೆ ಒಂದೇ ನೆನಪಾಗುತ್ತದೆ, ಅಲ್ವಾ? ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಗೆರೆ ಹಾಕಿದ ಕೌದಿಯನ್ನು ಮೇ ತಿಂಗಳಲ್ಲಿ ಮಾಳಿಗೆ ಮೇಲೆ ಹರವಿ, ಆಮೇಲೆ ಹೊಲಿದರಾಯಿತು ಅಂತ ಬಿಡಬೇಡಿ. ಕಿಟಕಿಯ ಬಿಸಿಲು ನೇರ ಬೀಳುವ ಕಡೆ ದಿನಗಟ್ಟಲೆ ಇಡಬೇಡಿ. ಕಾರಿನ ಡಿಕ್ಕಿಯಲ್ಲಿ ಬಿಟ್ಟು ಊರಿಗೆ ಹೋಗಬೇಡಿ. ಗೆರೆ ಹಾಕಿದ ಬಟ್ಟೆಯ ಜಾಗ ನೆರಳು. ಗೆರೆ ಹಾಕಿದ ಭಾಗವನ್ನು ಹೊಲಿದು ಮುಗಿಸಿ, ಬೇಗ ನೀರು ಕಾಣಿಸಿ. ತಿಂಗಳುಗಟ್ಟಲೆ ಬಿಟ್ಟ ಗೆರೆ ತೆಗೆಯುವುದು ಹೊಸ ಗೆರೆಯಷ್ಟು ಸಲೀಸಲ್ಲ.

ಇನ್ನೊಂದು ತೊಂದರೆ ಕೌದಿಗೇ ಹೆಚ್ಚು. ಒದ್ದೆ ಬಟ್ಟೆಯಿಂದ ಒರೆಸಿದಾಗ, ಇಲ್ಲವೇ ಸ್ಪ್ರೇ ಬಾಟಲಿಯಲ್ಲಿ ನೀರು ಚಿಮುಕಿಸಿದಾಗ ಗೆರೆ ಕಾಣದಾಗುತ್ತದೆ. ಹೋಯಿತು ಅಂದುಕೊಳ್ಳುತ್ತೇವೆ. ಹೋಗಿರುವುದಿಲ್ಲ. ಶಾಯಿ ನೀರಿನ ಜೊತೆ ಕೆಳಗಿನ ಪದರಕ್ಕೆ ಇಳಿದಿರುತ್ತದೆ. ಮೇಲಿನ ಪದರ ಒಣಗುವಾಗ ನೀರು ಮೇಲಕ್ಕೆ ಬರುತ್ತದೆ, ಶಾಯಿಯೂ ಅದರ ಜೊತೆ ಬರುತ್ತದೆ. ಮರುದಿನ ನೋಡಿದರೆ ಗೆರೆ ಇದ್ದಲ್ಲಿ ತಿಳಿನೀಲಿ ಮೋಡದಂಥ ಕಲೆ. ಒಂದೇ ಪದರದ ಬ್ಲೌಸಿಗೆ ಈ ತಾಪತ್ರಯ ಇಷ್ಟಿಲ್ಲ. ಕೌದಿಯನ್ನು ಮಾತ್ರ ಒರೆಸಿದರೆ ಸಾಲದು, ಪೂರ್ತಿ ಮುಳುಗಿಸಬೇಕು. ಅಗಲವಾದ ಟಬ್ಬಿನಲ್ಲಿ ತಣ್ಣೀರು ತುಂಬಿಸಿ, ಸೋಪು ಹಾಕದೆ, ಕೌದಿಯನ್ನು ಕೈಯಿಂದ ಅದುಮಿ ಗಾಳಿಗುಳ್ಳೆ ಬಿಡಿಸಿ, ಅರ್ಧ ಗಂಟೆ ಬಿಡಿ. ನೀರು ಚೆಲ್ಲಿ, ಹೊಸ ನೀರಿನಲ್ಲಿ ಮತ್ತೆ ಅದ್ದಿ. ಹಿಂಡಬೇಡಿ, ಒತ್ತಿ ನೀರು ತೆಗೆಯಿರಿ. ನೆರಳಿನಲ್ಲಿ ಒಣಗಿಸಿ. ಎಲ್ಲಾದರೂ ನೀಲಿ ಮತ್ತೆ ಎದ್ದರೆ ಗಾಬರಿ ಬೇಡ, ಇನ್ನೊಮ್ಮೆ ತಣ್ಣೀರಿಗೆ ಹಾಕಿ. ಪೂರ್ತಿ ಹೋಗಿದೆ ಅಂತ ಖಾತ್ರಿಯಾದ ಮೇಲೆ ಸೋಪು, ಆಮೇಲೆ ಬಿಸಿಲು, ಕೊನೆಗೆ ಇಸ್ತ್ರಿ. ಈ ಕ್ರಮ ಹಿಂದುಮುಂದಾಗಬಾರದು.

ಯಾವ ನೀರು ಅನ್ನುವುದೂ ಮುಖ್ಯ. ಸೋಪು ಸರಿಯಾಗಿ ನೊರೆ ಬಾರದ ಬೋರ್ ನೀರಾದರೆ ಅದರಲ್ಲಿ ಸುಣ್ಣದಂಶ ಜಾಸ್ತಿ, ಸ್ವಲ್ಪ ಕ್ಷಾರವೂ ಇರಬಹುದು. ನದಿ ನೀರಿನ ನಲ್ಲಿ ಇದ್ದರೆ ಮೊದಲ ನೆನೆಸುವಿಕೆಗೆ ಅದೇ ಇರಲಿ. ಇಲ್ಲದಿದ್ದರೆ ಕುಡಿಯುವ ನೀರಿನ ಕ್ಯಾನ್ ಒಂದನ್ನು ಇದಕ್ಕೆಂದು ತರಿಸಿ. ಇಷ್ಟು ದಿನ ಕೂತು ಹೊಲಿದ ಕೌದಿಗೆ ಒಂದು ಕ್ಯಾನ್ ನೀರು ದುಂದಲ್ಲ.

ಬೇಸಿಗೆಯಲ್ಲಿ ಹೊಲಿಯುವವರಿಗೆ ಇನ್ನೊಂದು ವಿಷಯ. ಅಂಗೈ ಬೆವರುತ್ತದೆ. ಎಡಗೈಯಲ್ಲಿ ಬಟ್ಟೆ ಹಿಡಿದು ಬಲಗೈಯಲ್ಲಿ ಸೂಜಿ ಆಡಿಸುವಾಗ, ಎಡಗೈ ಹೆಬ್ಬೆರಳು ಒತ್ತಿದ ಕಡೆಯೆಲ್ಲ ನೀಲಿ ಗೆರೆ ಅಲ್ಲಲ್ಲೇ ಕರಗಿ ಹರಡುತ್ತದೆ. ನಾಲ್ಕು ಬೆರಳು ಉದ್ದ ಹೊಲಿಯುವಷ್ಟರಲ್ಲಿ ಮುಂದಿನ ಗೆರೆ ತುಂಡುತುಂಡಾಗಿರುತ್ತದೆ. ಹೆಬ್ಬೆರಳ ಕೆಳಗೆ ಒಂದು ಒಣ ಬಟ್ಟೆಯ ತುಂಡು ಇಟ್ಟುಕೊಂಡರೆ ಗೆರೆ ಉಳಿಯುತ್ತದೆ.

ಈಗ ಇಸ್ತ್ರಿಗೆ ಹೋಗುವ ಪೆನ್ನು. ಜಪಾನಿನ ಪೈಲಟ್ ಕಂಪನಿಯ ಫ್ರಿಕ್ಷನ್ ಪೆನ್ನು ಇದರಲ್ಲಿ ಹೆಸರುವಾಸಿ. ಅದೇ ತರಹದ ಬೇರೆ ಪೆನ್ನುಗಳು ಈಗ ಟೇಲರಿಂಗ್ ಸಾಮಾನಿನ ಅಂಗಡಿಗಳಲ್ಲೂ ಸಿಗುತ್ತವೆ. ಫ್ರಿಕ್ಷನ್ ಕಾಗದದ ಮೇಲೆ ಬರೆದು, ಹಿಂಬದಿಯ ರಬ್ಬರಿನಿಂದ ಉಜ್ಜಿ ಅಳಿಸಲೆಂದು ಮಾಡಿದ ಪೆನ್ನು. ಉಜ್ಜಿದಾಗ ಬಿಸಿಯಾಗುತ್ತದೆ. ಸುಮಾರು 60 ಡಿಗ್ರಿ ದಾಟಿದರೆ ಶಾಯಿ ಬಣ್ಣ ಕಳೆದುಕೊಳ್ಳುತ್ತದೆ. ಗಮನಿಸಿ ಅಕ್ಕ, ಹೋಗುವುದು ಬಣ್ಣ. ಶಾಯಿ ಬಟ್ಟೆಯಲ್ಲೇ ಇರುತ್ತದೆ. ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗಿನ ಚಳಿ ತಾಗಿದರೆ ಬಣ್ಣ ಮತ್ತೆ ಮೂಡಲು ಶುರುವಾಗುತ್ತದೆ, 20 ಡಿಗ್ರಿ ಕೆಳಗೆ ಹೋದರೆ ಗೆರೆ ಎದ್ದು ಕಾಣುತ್ತದೆ. ಗಂಗಾವತಿಯಲ್ಲಿ ಅಂಥ ಚಳಿ ಎಲ್ಲಿ ಬರುತ್ತದೆ ಅನ್ನಬಹುದು. ನಿಮ್ಮ ಮಗಳು ಮಗುವನ್ನು ಎತ್ತಿಕೊಂಡು ಕೆನಡಾಕ್ಕೋ ಅಮೆರಿಕದ ಉತ್ತರಕ್ಕೋ ಹೋದರೆ? ಇಂದು ನಮ್ಮ ಎಷ್ಟೋ ಮನೆಗಳ ಕೌದಿ ಅಲ್ಲಿಗೆ ಹೋಗುತ್ತಿವೆ. ನಂಬಿಕೆ ಬಾರದಿದ್ದರೆ ಚೂರು ಬಟ್ಟೆಯ ಮೇಲೆ ಗೆರೆ ಎಳೆದು, ಇಸ್ತ್ರಿ ಮಾಡಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒಂದು ರಾತ್ರಿ ಫ್ರೀಜರಿನಲ್ಲಿಟ್ಟು ನೋಡಿ.

ಜೀನ್ಸಿಗೆ ಇದು ಬೇಡ ಅನ್ನಲು ಬೇರೆ ಕಾರಣವಿದೆ. ಗಾಢ ಬಣ್ಣದ ಬಟ್ಟೆಯ ಮೇಲೆ ಇಸ್ತ್ರಿ ಮಾಡಿದ ನಂತರವೂ ಗೆರೆಯ ಜಾಗದಲ್ಲಿ ಮಾಸಲು ಬಿಳಿ ಗುರುತು ಉಳಿಯಬಹುದು. ಕಡುನೀಲಿ ಜೀನ್ಸಿನ ಮೇಲೆ ಅದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಈ ಪೆನ್ನಿಗೂ ಜಾಗವಿದೆ: ತುಂಡು ಕತ್ತರಿಸುವ ಗೆರೆಗೆ, ಹೊಲಿಗೆಯ ಒಳಗೆ ಮುಚ್ಚಿಹೋಗುವ ಅಂಚಿಗೆ. ಮೇಲೆ ಕಾಣುವ ಸಾಲಿಗೆ ಬೇಡ.

ನೇರಳೆ ಪೆನ್ನಿನ ಬಗ್ಗೆ ನೀವು ಕೇಳಿಲ್ಲ, ಆದರೂ ಅಂಗಡಿಯಲ್ಲಿ ನೀಲಿಯ ಪಕ್ಕದಲ್ಲೇ ಇರುತ್ತದೆ. ಅದು ಗಾಳಿಗೆ ತಾನೇ ಮಾಯವಾಗುತ್ತದೆ. ಕ್ಷಾರ ಇರುವ ತನಕ ಬಣ್ಣ ಕಾಣಿಸುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಕ್ಷಾರವನ್ನು ಕಡಿಮೆ ಮಾಡಿದಂತೆ ಬಣ್ಣ ಹೋಗುತ್ತದೆ. ಒಂದೆರಡು ದಿನ ಉಳಿದರೆ ಹೆಚ್ಚು. ಗಾಳಿಯಲ್ಲಿ ತೇವ ಇದ್ದರೆ, ಉದಾಹರಣೆಗೆ ಕೂಲರ್ ಮುಂದೆ ಕೂತು ಹೊಲಿದರೆ, ಇನ್ನೂ ಬೇಗ ಹೋಗುತ್ತದೆ. ವಾರಗಟ್ಟಲೆ ನಡೆಯುವ ಕೈಹೊಲಿಗೆಗೆ ಇದು ಆಗಿಬರುವುದಿಲ್ಲ. ಅಂದಂದಿನ ಹೊಲಿಗೆಗೆ ಅಂದೇ ಗೆರೆ ಹಾಕುವವರಿಗೆ ಮಾತ್ರ.

ಇನ್ನು ನಾನು ಮನಸಾರೆ ಹೇಳುವ ವಸ್ತು ಮಾಸ್ಕಿಂಗ್ ಟೇಪ್. ಬಣ್ಣ ಬಳಿಯುವವರು ಬಾಗಿಲಿನ ಅಂಚಿಗೆ ಹಚ್ಚುತ್ತಾರಲ್ಲ, ಅದೇ ಕಾಗದದ ಟೇಪ್. ಪೇಂಟ್ ಅಂಗಡಿಯಲ್ಲಿ ಸಿಗುತ್ತದೆ. ಅರ್ಧ ಇಂಚಿನದು ತನ್ನಿ. ನಮ್ಮ ಕೌದಿಯ ಸಾಲುಗಳು ಬಹುಪಾಲು ನೇರ. ಟೇಪನ್ನು ನೆಟ್ಟಗೆ ಹಚ್ಚಿ, ಅದರ ಎರಡೂ ಅಂಚಿಗೆ ತಾಗಿದಂತೆ ರನ್ನಿಂಗ್ ಸ್ಟಿಚ್ ಹಾಕುತ್ತಾ ಹೋಗಿ. ಅಂಟು ತಾಗದಂತೆ ಸೂಜಿ ಟೇಪಿನ ಪಕ್ಕದಲ್ಲೇ ಇಳಿಯಬೇಕು, ಮೇಲೆ ಚುಚ್ಚಬಾರದು. ಎರಡು ಸಾಲು ಮುಗಿಯಿತು ಅಂದರೆ ಟೇಪ್ ಎತ್ತಿ ಪಕ್ಕಕ್ಕೆ ಹಚ್ಚಿ. ಅದೇ ತುಂಡು ನಾಲ್ಕೈದು ಸಲ ಬರುತ್ತದೆ. ಶಾಯಿ ಇಲ್ಲ, ಒಗೆಯುವ ಚಿಂತೆ ಇಲ್ಲ, ಸಾಲುಗಳ ನಡುವಿನ ಅಂತರ ತಾನೇ ಒಂದೇ ಸಮ ಬರುತ್ತದೆ. ಒಂದೇ ಎಚ್ಚರ: ರಾತ್ರಿ ಮಲಗುವ ಮುಂಚೆ ಟೇಪ್ ಕಿತ್ತುಬಿಡಿ. ನಮ್ಮ ಸೆಕೆಗೆ ಅಂಟು ಮೆತ್ತಗಾಗಿ ಬಟ್ಟೆಗೆ ಹಿಡಿದರೆ, ಆಮೇಲೆ ಧೂಳು ಕೂತು ಕಪ್ಪು ಪಟ್ಟಿಯಾಗುತ್ತದೆ. ತೀರಾ ಸವೆದ ಸೀರೆಯಾದರೆ ಟೇಪ್ ಕೀಳುವಾಗ ಎಳೆಯೂ ಎದ್ದು ಬರಬಹುದು, ಅಂಥ ಕಡೆ ಹಚ್ಚಬೇಡಿ.

ಸವೆದ ಜಾಗಕ್ಕೆ ಒತ್ತಿದ ಗೆರೆ ಒಳ್ಳೆಯದು. ಜಪಾನಿನಲ್ಲಿ ಹೆರಾ ಅನ್ನುವ ಚಪ್ಪಟೆ ಸಾಧನ ಇದಕ್ಕೆಂದೇ ಇದೆ. ಆನ್‌ಲೈನಿನಲ್ಲಿ ಸಿಗುತ್ತದೆ, ಆದರೆ ತರಿಸಲೇಬೇಕಿಲ್ಲ. ಸ್ಟೀಲ್ ಚಮಚದ ಹಿಡಿಯ ತುದಿ ನುಣುಪಾಗಿದ್ದರೆ ಸಾಕು. ಬಟ್ಟೆಯ ಕೆಳಗೆ ಗಟ್ಟಿ ಹಲಗೆ ಇಟ್ಟು, ಸ್ಕೇಲ್ ಪಕ್ಕದಲ್ಲಿ ಒತ್ತಿ ಎಳೆಯಿರಿ. ಹೊಳಪಿನ ಸಣ್ಣ ತಗ್ಗು ಮೂಡುತ್ತದೆ. ಟ್ಯೂಬ್‌ಲೈಟ್ ನೇರ ಮೇಲಿದ್ದರೆ ಈ ಗೆರೆ ಕಾಣುವುದಿಲ್ಲ. ಕಿಟಕಿಗೆ ಮಗ್ಗುಲಾಗಿ ಕೂತು, ಬೆಳಕು ಪಕ್ಕದಿಂದ ಬೀಳುವಂತೆ ನೋಡಿಕೊಂಡರೆ ತಗ್ಗಿನ ನೆರಳು ಸ್ಪಷ್ಟ ಕಾಣುತ್ತದೆ. ಕಾಟನ್‌ಗೆ ಚೆನ್ನಾಗಿ ಹಿಡಿಯುತ್ತದೆ. ಪಾಲಿಸ್ಟರ್ ಸೀರೆಗೆ, ಜೀನ್ಸಿಗೆ ನಿಲ್ಲುವುದಿಲ್ಲ.

ಜೀನ್ಸಿಗೆ ಚಾಕ್ ಅಂದೆ. ಬಳ್ಳಾರಿಯ ಜೀನ್ಸ್ ಯೂನಿಟ್‌ಗಳ ಚೂರು ಬಟ್ಟೆಯಿಂದ ಕೌದಿ, ಚೀಲ ಹೊಲಿಯುವವರಿಗೆ ಬಿಳಿ ಚಾಕ್‌ಗಿಂತ ಬೇರೆ ಬೇಕಿಲ್ಲ. ಅಂಚನ್ನು ಬ್ಲೇಡಿನಿಂದ ಹೆರೆದು ಚೂಪಾಗಿಟ್ಟುಕೊಳ್ಳಿ, ಗೆರೆ ತೆಳ್ಳಗೆ ಬರುತ್ತದೆ. ಹೊಲಿದ ಮೇಲೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಒಣಗಿದ್ದಾಗಲೇ ಉಜ್ಜಿದರೆ ಉದುರುತ್ತದೆ. ಬಣ್ಣದ ಚಾಕ್, ಅದರಲ್ಲೂ ಕೆಂಪು ಮತ್ತು ಹಳದಿ, ತಿಳಿ ಬಟ್ಟೆಗೆ ಹಾಕಬೇಡಿ, ಚಾಕ್‌ನ ಬಣ್ಣ ಬಟ್ಟೆಯಲ್ಲೇ ಉಳಿದುಬಿಡಬಹುದು. ಮೇಣದ ಚಾಕ್ ಕೂಡ ಇದೆ. ಮುಟ್ಟಿದರೆ ಜಿಡ್ಡು ಅನ್ನಿಸುತ್ತದೆ, ಇಸ್ತ್ರಿ ಮಾಡಿದರೆ ಕರಗಿ ಕಾಣದಾಗುತ್ತದೆ. ಆದರೆ ಎಣ್ಣೆಯ ಕಲೆ ಬಿಡಬಹುದು, ಅದಕ್ಕೆ ಕೌದಿಗೆ ಬೇಡ. ಸೋಪಿನ ಚೂರಿಗೆ ಬಿಳಿ ಸೋಪು ಮಾತ್ರ, ತೆಳ್ಳಗೆ ಸವೆದು ಗಟ್ಟಿಯಾಗಿ ಒಣಗಿರಬೇಕು. ಅದೂ ಚಾಕ್ ಅಥವಾ ಟೇಪ್ ಬಳಸಿದ ಕಡೆಗೆ ಮಾತ್ರ. ನೀಲಿ ಗೆರೆ ಇರುವ ಬಟ್ಟೆಗೆ ಸೋಪು ತಾಗಬಾರದು ಅಂದೆನಲ್ಲ. ಪೆನ್ಸಿಲ್, ಬಾಲ್‌ಪೆನ್ ಎರಡನ್ನೂ ದೂರ ಇಡಿ.

ಮೂಲೆಯಲ್ಲಿ ಮಾವಿನಕಾಯಿ, ನವಿಲು ಮೂಡಿಸುವ ಆಸೆ ಇದ್ದರೆ ಟೇಪ್ ನೆರವಿಗೆ ಬರುವುದಿಲ್ಲ. ಆರಿ ವರ್ಕ್ ಮಾಡುವವರ ಪದ್ಧತಿ ನೋಡಿ: ಟ್ರೇಸಿಂಗ್ ಪೇಪರಿನ ಮೇಲೆ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಮೇಲೆ ಪುಡಿ ಉಜ್ಜುತ್ತಾರೆ. ಅವರು ಸೀಮೆಎಣ್ಣೆಯಲ್ಲಿ ಪುಡಿ ಕಲಸುವುದುಂಟು. ಮಗುವಿನ ಕೌದಿಗೆ ಆ ವಾಸನೆ ಬೇಡ. ಬಿಳಿ ಚಾಕ್ ಅರೆದು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಕಾಗದದ ಮೇಲೆ ಮೆಲ್ಲಗೆ ತಟ್ಟಿ. ಚುಕ್ಕಿಗಳು ಬೀಳುತ್ತವೆ. ತಿಳಿ ಸೀರೆಯ ಮೇಲೆ ಬಿಳಿ ಕಾಣದಿದ್ದರೆ, ಆ ಮೂಲೆಗೆ ಮಾತ್ರ ನೀಲಿ ಪೆನ್ನು ಬಳಸಿ. ಮೇಲೆ ಹೇಳಿದ ಕ್ರಮ ತಪ್ಪಬೇಡಿ.

ಇನ್ನೊಂದು ಮಾತು. ಎಲ್ಲ ಸಾಲಿಗೂ ಗೆರೆ ಬೇಕೇ ಬೇಕು ಅಂತಿಲ್ಲ. ನಮ್ಮ ಹಿರಿಯರು ಅಂಚಿನಿಂದ ಶುರು ಮಾಡಿ, ಹಿಂದಿನ ಸಾಲಿನಿಂದ ಬೆರಳಗಲ ಬಿಟ್ಟು ಮುಂದಿನದನ್ನು ಕಣ್ಣಂದಾಜಿನಲ್ಲೇ ಹಾಕುತ್ತಿದ್ದರು. ನೀವು ಮೊದಲ ಸಾಲಿಗೆ ಗೆರೆ ಹಾಕಿ, ಆಮೇಲೆ ಐದಾರು ಸಾಲಿಗೊಮ್ಮೆ ಒಂದು ಗೆರೆ. ನಡುವಿನ ಸಾಲುಗಳು ಕೈಗೆ ಬಿಟ್ಟದ್ದು. ಕೆಲಸವೂ ಹಗುರ, ತೆಗೆಯಬೇಕಾದ ಗೆರೆಯೂ ಕಡಿಮೆ. ಸ್ವಲ್ಪ ಅಲೆಯಂತೆ ಬಂದ ಸಾಲೇ ಕೈಹೊಲಿಗೆಯ ಚೆಲುವು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಏನೇ ಕೊಂಡರೂ ಕೌದಿಗೆ ಹಾಕುವ ಮುಂಚೆ ಪರೀಕ್ಷೆ ಮಾಡಿ. ಅದೇ ಸೀರೆಯ ಚೂರುಗಳನ್ನು ಅಷ್ಟೇ ಪದರ ಮಾಡಿ ನಾಲ್ಕು ಹೊಲಿಗೆ ಹಾಕಿ, ಗೆರೆ ಎಳೆದು, ನೀವು ಕೌದಿ ಹೊಲಿಯಲು ತೆಗೆದುಕೊಳ್ಳುವಷ್ಟು ದಿನ ಅಲ್ಲೇ ಬಿಡಿ. ಐದು ನಿಮಿಷದ ಗೆರೆ ಯಾವ ಪೆನ್ನಿನದಾದರೂ ಹೋಗುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಆಮೇಲೆ ನಿಮ್ಮ ಮನೆಯ ನೀರಿನಲ್ಲೇ ತೊಳೆದು, ಪೂರ್ತಿ ಒಣಗಿಸಿ, ಹಗಲು ಬೆಳಕಿನಲ್ಲಿ ಎರಡೂ ಬದಿ ನೋಡಿ. ಕಲೆ ಇಲ್ಲದಿದ್ದರೆ ಕೌದಿಗೆ ಕೈ ಹಚ್ಚಿ. ಬಾಣಂತನದ ದಿನ ಹತ್ತಿರ ಇದ್ದರೆ ಪರೀಕ್ಷೆಗೆ ಕಾಯಬೇಡಿ, ನಾಳೆಯೇ ಟೇಪ್ ತಂದು ಸೀರೆಯದನ್ನು ಮೊದಲು ಶುರು ಮಾಡಿ. ಎಳೆ ಮಗುವಿಗೆ ಮೊದಲು ಬೇಕಾಗುವುದು ಆ ಮೆತ್ತನೆಯ ಕೌದಿಯೇ.