ಗುಡ್ಡ ಓಡುವವರೇ, ಮೊದಲು ಇಳಿಯುವ ಹಾದಿ ಹುಡುಕಿ

"ಏರೂಮುಂದ ಏನೂ ಆಗ್ಲಿಲ್ರೀ ಸರ. ಇಳಿಯೂಮುಂದನೂ ಆರಾಮ ಇದ್ದೆ. ಈಗ ನೋಡ್ರಿ, ಮನಿ ಮೆಟ್ಲಾ ಇಳಿಯಾಕ ಆಗವಲ್ದು."

ಧಾರವಾಡದಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಮುಂದೆ ಪ್ರತಿ ವರ್ಷ ಮಳೆ ನಿಂತ ಮೇಲೆ ಈ ಮಾತು ಬಂದೇ ಬರುತ್ತದೆ. ಹುಡುಗರು, ಬ್ಯಾಂಕಿನವರು, ಮಾಸ್ತರರು, ಪೊಲೀಸ್ ಪರೀಕ್ಷೆಗೆ ತಯಾರಿ ನಡೆಸಿದವರು, ಎಲ್ಲರದೂ ಒಂದೇ ಕಥೆ. ನಾನು ಕೇಳುವ ಮೊದಲ ಪ್ರಶ್ನೆಯೂ ಒಂದೇ: ಯಾವ ಹಾದಿಯಿಂದ ಇಳಿದಿರಿ? ಏರಿದ ಹಾದಿ ಎಲ್ಲರಿಗೂ ನೆನಪಿರುತ್ತದೆ. ಎಷ್ಟು ನಿಮಿಷ ಹಿಡಿಯಿತು, ಎಲ್ಲಿ ಉಸಿರು ಕಟ್ಟಿತು, ಎಲ್ಲಿ ನಿಂತೆ, ಎಲ್ಲಾ ಹೇಳುತ್ತಾರೆ. ಇಳಿದದ್ದು ಮಾತ್ರ "ಬಂದ ಹಾದೀಲೇ ಸರ" ಅನ್ನುವುದರಲ್ಲಿ ಮುಗಿದುಹೋಗುತ್ತದೆ.

ನನ್ನ ಪ್ರಕಾರ ಗುಡ್ಡದ ಓಟದಲ್ಲಿ ಹಾದಿ ಆರಿಸಬೇಕಾದದ್ದು ಇಳಿಯುವುದಕ್ಕೆ. ಏರುವುದು ಹೇಗೂ ಆಗುತ್ತದೆ, ದಣಿವಾದರೆ ನಡೆಯುತ್ತೀರಿ, ಅಷ್ಟೇ.

ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಏನು ಮಾಡುತ್ತದೆ ಅಂದರೆ, ಬಾವಿಗೆ ಭಾರದ ಕೊಡ ಇಳಿಸುವಾಗ ನಾವು ಹಗ್ಗವನ್ನು ಹಿಡಿದು ಹಿಡಿದು ಬಿಡುತ್ತೇವಲ್ಲ, ಹಾಗೆ ಮೈಭಾರವನ್ನು ತಡೆದು ತಡೆದು ಬಿಡುತ್ತದೆ. ಬಿಗಿ ಹಿಡಿದುಕೊಂಡೇ ಉದ್ದವಾಗುತ್ತದೆ. ಕೊಡ ಎಳೆದಾಗ ತೋಳು ದಣಿಯುತ್ತದೆ, ಇಳಿಸಿದಾಗ ಅಂಗೈ ಕಿತ್ತುಹೋಗುತ್ತದೆ. ಹೀಗೆ ತಡೆಯುವಾಗ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಗಾಯಗಳಾಗುತ್ತವೆ, ಅವುಗಳ ನೋವು ಅವತ್ತೇ ಗೊತ್ತಾಗುವುದಿಲ್ಲ, ಮರುದಿನದಿಂದ ಶುರುವಾಗಿ ಎರಡು ಮೂರು ದಿನ ಜೋರಾಗಿರುತ್ತದೆ.

ನಮ್ಮನ್ನು ಮೈಮರೆಸುವುದು ಉಸಿರು. ಸಂಶೋಧಕ ಮಿನೆಟ್ಟಿ ಮತ್ತು ಸಂಗಡಿಗರು 2002ರಲ್ಲಿ ಅಳೆದು ತೋರಿಸಿದ ಪ್ರಕಾರ, ಓಡಲು ಅತಿ ಕಡಿಮೆ ಶಕ್ತಿ ಖರ್ಚಾಗುವುದು ಸುಮಾರು ಶೇ 20ರ ಇಳಿಜಾರಿನಲ್ಲಿ (100 ಮೀಟರ್ ದೂರಕ್ಕೆ 20 ಮೀಟರ್ ಇಳಿಯುವ ಕಡೆ). ಅಂದರೆ ಅಷ್ಟು ಕಡಿದಾದ ಕಡೆ ಉಸಿರಿಗೆ ಹಬ್ಬ. ಆದರೆ ಅಮೆರಿಕದಲ್ಲಿ ಗಾಟ್‌ಶಾಲ್ ಮತ್ತು ಕ್ರಾಮ್ 2005ರಲ್ಲಿ ಕಾಲಿನ ಏಟನ್ನು ಅಳೆದರು. 9 ಡಿಗ್ರಿ ಇಳಿಜಾರಿನಲ್ಲಿ, ಅಂದರೆ ಸುಮಾರು ಶೇ 16ರಲ್ಲಿ, ಪಾದ ನೆಲಕ್ಕೆ ಬಡಿಯುವ ಏಟು ಸಮತಟ್ಟಿಗಿಂತ ಶೇ 54ರಷ್ಟು ಜಾಸ್ತಿ, ಬ್ರೇಕ್ ಹಾಕುವ ಬಲ ಶೇ 73ರಷ್ಟು ಜಾಸ್ತಿ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಉಸಿರು "ಓಡು ಓಡು" ಅನ್ನುವ ಜಾಗದಲ್ಲೇ ಮೊಣಕಾಲು ಏಟು ತಿನ್ನುತ್ತಿರುತ್ತದೆ.

ಹಾಗಾಗಿ ಓಡುವ ಮೊದಲು ಹಾದಿಯ ಲೆಕ್ಕ ಹಾಕಿ. ಲೆಕ್ಕ ಸುಲಭ. 500 ಮೀಟರ್ ದೂರದಲ್ಲಿ 50 ಮೀಟರ್ ಎತ್ತರ ಇಳಿದರೆ ಅದು ಶೇ 10. ಮೊಬೈಲಿನ ನಕ್ಷೆಯಲ್ಲಿ ಎತ್ತರದ ಗೆರೆಗಳು ಒತ್ತೊತ್ತಾಗಿದ್ದರೆ ಕಡಿದು, ದೂರ ದೂರ ಇದ್ದರೆ ನಿಧಾನದ ಇಳಿಜಾರು. ಹೊಸಬರಿಗೆ ನಾನು ಶೇ 5ರಿಂದ 8ರ ಒಳಗಿನ ಇಳಿಜಾರು ಹುಡುಕಿ ಅನ್ನುತ್ತೇನೆ. ಅದಕ್ಕಿಂತ ಕಡಿದಾದದ್ದನ್ನು ಏರುವುದಕ್ಕೆ ಇಟ್ಟುಕೊಳ್ಳಿ. ಕಡಿದಾದ ಕಡೆ ಏರಿ, ಸುತ್ತಿನ ಹಾದಿಯಲ್ಲಿ ಇಳಿಯಿರಿ.

ದೂರದ ಲೆಕ್ಕಕ್ಕೆ ಸ್ಕಾಟ್‌ಲೆಂಡಿನ ಗುಡ್ಡ ಹತ್ತುವವರ ಹಳೆಯ ಸೂತ್ರ ಒಂದಿದೆ. ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ್ದು: ಪ್ರತಿ 3 ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2000 ಅಡಿ ಏರಿಗೆ ಇನ್ನೊಂದು ಗಂಟೆ. ಬಿಡಿಸಿ ನೋಡಿದರೆ ಒಂದು ಮೀಟರ್ ಏರು ಸುಮಾರು 8 ಮೀಟರ್ ಸಮತಟ್ಟು ದಾರಿಗೆ ಸಮ. 6 ಕಿಲೋಮೀಟರ್ ಓಟದಲ್ಲಿ 150 ಮೀಟರ್ ಏರು ಇದ್ದರೆ ಅದು 7.2 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. "ಆರೇ ಕಿಲೋಮೀಟರ್ ಅಲ್ವಾ" ಅಂತ ಹೊರಡುವವರಿಗೆ ಇದು ಗೊತ್ತಿರಬೇಕು.

ನಮ್ಮ ಕಡೆ ಜಾಗಕ್ಕೇನೂ ಬರ ಇಲ್ಲ. ಹುಬ್ಬಳ್ಳಿಯವರಿಗೆ ಉಣಕಲ್ ಹತ್ತಿರದ ನೃಪತುಂಗ ಬೆಟ್ಟ ಇದೆ. ಬೆಳಗಿನ ಹೊತ್ತು ವಾಕಿಂಗ್ ಮಂದಿ ಜಾಸ್ತಿ, ಗಟ್ಟಿ ನೆಲ, ಹಾಗಾಗಿ ಅಲ್ಲಿ ಏರುವಾಗ ಓಡಿ, ಇಳಿಯುವಾಗ ನಡೆಯಿರಿ. ಧಾರವಾಡದವರು ಕರ್ನಾಟಕ ವಿಶ್ವವಿದ್ಯಾಲಯದ ಕಡೆ ಹೋಗಿ ನೋಡಿ. ಅಲ್ಲಿನ ಏರಿಳಿತ ಉದ್ದ, ಆದರೆ ಕಡಿದಲ್ಲ, ನೆರಳೂ ಇದೆ. ಕಾಲು ಪಳಗಿಸಲು ಅಂಥ ನೆಲ ಬೇಕು. ಗಜೇಂದ್ರಗಡದ ಕಾಲಕಾಲೇಶ್ವರದಂಥ ಕಡೆ ಇರುವ ಮೆಟ್ಟಿಲುಗಳನ್ನು ಮಾತ್ರ ಓಡಿ ಇಳಿಯಬೇಡಿ. ಮೆಟ್ಟಿಲಿಗೆ ಅದರದೇ ಅಳತೆ ಇರುತ್ತದೆ, ಅದು ನಿಮ್ಮ ಹೆಜ್ಜೆಯ ಮಾತು ಕೇಳುವುದಿಲ್ಲ.

ಕಪ್ಪತಗುಡ್ಡದ ಬಗ್ಗೆ ಬಹಳ ಜನ ಕೇಳುತ್ತಾರೆ. ಗದಗ ಜಿಲ್ಲೆಯ ಆ ಸಾಲು 2019ರಿಂದ ವನ್ಯಜೀವಿ ಧಾಮ. ಚಿರತೆ, ತೋಳ, ಕತ್ತೆಕಿರುಬ ಇರುವ ಕಾಡು. ಅರಣ್ಯ ಇಲಾಖೆಯವರನ್ನು ಕೇಳದೆ ಒಳಗೆ ಕಾಲಿಡಬೇಡಿ, ನಸುಕಿನಲ್ಲಂತೂ ಬೇಡವೇ ಬೇಡ. ಗುಡ್ಡದ ಬುಡದ ಹಳ್ಳಿಗಳ ಹೊಲದ ಹಾದಿಗಳೇ ಓಟಕ್ಕೆ ಸಾಕಷ್ಟಿವೆ. ಆ ಗುಡ್ಡವನ್ನು ಗಣಿಯವರಿಂದ ಉಳಿಸಿಕೊಳ್ಳಲು ಈ ಭಾಗದ ಜನ ವರ್ಷಗಟ್ಟಲೆ ಹೋರಾಡಿದ್ದಾರೆ. ನಾವು ಓಡಲು ಹೋಗಿ ಅಲ್ಲಿ ನೀರಿನ ಬಾಟಲಿ ಬಿಸಾಕಿ ಬರುವುದು ಸರಿಯಲ್ಲ.

ಮಣ್ಣು ನೋಡುವುದನ್ನು ಕಲಿಯಿರಿ. ಎರೆ ಮಣ್ಣಿನ ಹಾದಿ ಒಣಗಿದಾಗ ಬಿರುಕು ಬಿಡುತ್ತದೆ, ಪಾದ ತಿರುಚುತ್ತದೆ. ಮಳೆ ಬಿದ್ದಾಗ ಬೂಟಿಗೆ ಮೆತ್ತಿಕೊಂಡು ಒಂದೊಂದು ಕಾಲೂ ಸೇರು ಭಾರ ಆಗುತ್ತದೆ. ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲ ಒಳ್ಳೆಯದು. ಮಳೆ ನಿಂತು ಒಂದೆರಡು ವಾರದ ಮಸಾರಿ ಹಾದಿಯಷ್ಟು ಹಿತವಾದ ನೆಲ ನಾನು ಬೇರೆ ಕಂಡಿಲ್ಲ. ಬೇಸಿಗೆಯಲ್ಲಿ ಗುಡ್ಡದ ಗರಸು ಮಾತ್ರ ಮೋಸ. ಗಟ್ಟಿ ನೆಲದ ಮೇಲೆ ಜೋಳ ಚೆಲ್ಲಿದ ಹಾಗೆ ಸಣ್ಣ ಕಲ್ಲು ಹರಡಿರುತ್ತವೆ. ಕೆಲವು ವರ್ಷಗಳ ಹಿಂದೆ ಒಂದು ಏಪ್ರಿಲ್‌ನಲ್ಲಿ ಬಿಸಿಲು ಏರುವ ಮೊದಲು ಕೆಳಗೆ ಬರಬೇಕು ಅಂತ ನಾನು ನೀರು ಹರಿದು ಕೊರೆದ ನೇರ ಕೊರಕಲಿನಲ್ಲಿ ಇಳಿದೆ, ಕಲ್ಲು ಜಾರಿತು, ಕಣಕಾಲು ಮಡಚಿ ಬಿದ್ದೆ. ಮತ್ತೆ ಓಡಲು ಆರು ವಾರ ಬೇಕಾಯಿತು.

ಅವತ್ತು ನನ್ನನ್ನು ಕೆಳಗೆ ಕರೆತಂದವರು ಒಬ್ಬ ಕುರಿ ಕಾಯುವ ಹಿರಿಯರು. "ಕುರಿ ಹೋಗೋ ಹಾದಿ ಹಿಡೀಬೇಕ್ರೀ ತಮ್ಮಾ, ನೀರು ಹೋಗೋ ಹಾದಿ ಹಿಡದ್ರ ಹಿಂಗ ಆಗ್ತದ" ಅಂದರು. ಅದನ್ನೇ ಈಗ ಎಲ್ಲರಿಗೂ ಹೇಳುತ್ತೇನೆ. ನೀರು ಅತಿ ಕಡಿದಾದ ಹಾದಿ ಹುಡುಕುತ್ತದೆ. ಕುರಿ ದನ ಗುಡ್ಡಕ್ಕೆ ಅಡ್ಡಡ್ಡ ಹೋಗುತ್ತವೆ, ವಾರೆಯಾಗಿ ಇಳಿಯುತ್ತವೆ, ಅದೇ ಹಾದಿ ದಿನಾ ತುಳಿದು ತುಳಿದು ಸಡಿಲ ಕಲ್ಲೆಲ್ಲ ಪಕ್ಕಕ್ಕೆ ಸರಿದಿರುತ್ತವೆ. ಹೊಸ ಗುಡ್ಡಕ್ಕೆ ಹೋದರೆ ಮೊದಲ ದಿನ ಸುಮ್ನೆ ನಡೆದು ಆ ಹಾದಿಗಳನ್ನು ನೋಡಿಕೊಂಡು ಬನ್ನಿ. ಕುರಿಗಾಹಿಗಳು ಸಿಕ್ಕರೆ ಕೇಳಿ. ಅವರ ನಾಯಿಗಳು ಬೊಗಳಿದರೆ ಓಟ ನಿಲ್ಲಿಸಿ, ನಿಧಾನ ನಡೆಯಿರಿ. ಓಡುವವರನ್ನು ಕಂಡರೆ ನಾಯಿಗಳು ಬೆನ್ನು ಹತ್ತುತ್ತವೆ.

ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ. ಓಟದ ವೇಗ ಅಷ್ಟೇ ಇಟ್ಟು ನಿಮಿಷದ ಹೆಜ್ಜೆಗಳನ್ನು ಶೇ 5ರಿಂದ 10 ಹೆಚ್ಚಿಸಿದರೂ ಮೊಣಕಾಲಿನ ಮೇಲಿನ ಭಾರ ಕಡಿಮೆಯಾಗುತ್ತದೆ. ನಿಮಿಷಕ್ಕೆ 160 ಹೆಜ್ಜೆ ಹಾಕುವವರು 170 ಹಾಕಿ. ಮೈ ಹಿಂದಕ್ಕೆ ವಾಲಿಸಿ ಹಿಮ್ಮಡಿ ಊರಬೇಡಿ, ಜಾರುವುದು ಹಾಗೆಯೇ.

ಮೊದಲ ಎರಡು ವಾರ ಇಳಿಜಾರನ್ನು ನಡೆದೇ ಇಳಿಯಿರಿ. ಮೂರನೇ ವಾರ ಕೊನೆಯ 200 ಮೀಟರ್ ಓಡಿ, ಆಮೇಲೆ ಮೂರು ದಿನ ಬಿಟ್ಟು ನೋಡಿ. ತೊಡೆ ಸ್ವಲ್ಪ ನೋಯಬಹುದು. ಒಮ್ಮೆ ಹೀಗೆ ಸ್ವಲ್ಪ ನೊಂದ ಸ್ನಾಯು ಮುಂದಿನ ಸಲ ಅಷ್ಟೇ ಇಳಿಜಾರಿಗೆ ಅಷ್ಟು ನೋಯುವುದಿಲ್ಲ, ಆ ರಕ್ಷಣೆ ವಾರಗಟ್ಟಲೆ ಉಳಿಯುತ್ತದೆ. ಹಾಗಾಗಿ ವಾರಕ್ಕೊಮ್ಮೆ 100 ಮೀಟರ್ ಸೇರಿಸುತ್ತಾ ಹೋಗಿ. ತೊಡೆ ನೋವು ಬೇರೆ, ಕೀಲಿನ ನೋವು ಬೇರೆ. ಮೊಣಕಾಲು ಚಿಪ್ಪಿನ ಸುತ್ತ ಅಥವಾ ಹೊರಮಗ್ಗುಲಲ್ಲಿ ಚುಚ್ಚಿದರೆ, ಊದಿಕೊಂಡರೆ, ಮೆಟ್ಟಿಲಲ್ಲಿ ಕಾಲು ಕೈಕೊಟ್ಟರೆ ಓಟ ನಿಲ್ಲಿಸಿ ಯಾರಿಗಾದರೂ ತೋರಿಸಿ.

ಮೊದಲು ಹೇಳಿದೆನಲ್ಲ, ಮೆಟ್ಟಿಲು ಇಳಿಯಲು ಆಗದೆ ಬಂದ ಹುಡುಗ, ಅವನು ಈಗಲೂ ಅದೇ ಗುಡ್ಡಕ್ಕೆ ಹೋಗುತ್ತಾನೆ. ಏರುವುದು ಹಳೆಯ ಹಾದಿಯಲ್ಲೇ. ಇಳಿಯುವುದು ಮಾತ್ರ ಆಚೆ ಮಗ್ಗುಲಿನ ದನದ ಹಾದಿಯಲ್ಲಿ, ಒಂದೂವರೆ ಕಿಲೋಮೀಟರ್ ಸುತ್ತು. "ಟೈಮ್ ಜಾಸ್ತಿ ಆಗ್ತದ ಸರ" ಅಂದ. ಆಗಲಿ ಅಂದೆ.